ಚೀಲ ಕಾಯೋರು ನೀರಿಗಿಳಿಯೋ ಬೀಚ್

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರಿಗೆ ನೀರು ಅಂದರೆ ತುಂಗಭದ್ರಾ ಎಡದಂಡೆ ಕಾಲುವೆ, ಇಲ್ಲಾಂದರೆ ಕೃಷ್ಣಾ ನದಿ. ಸಮುದ್ರ ಅನ್ನೋದು ಟಿವಿಯಲ್ಲಿ, ಈಗೀಗ ರೀಲ್ಸ್‌ನಲ್ಲಿ ನೋಡೋ ಸಂಗತಿ. ಖುದ್ದಾಗಿ ನೋಡಬೇಕು ಅಂದರೆ ಗಂಗಾವತಿ, ಕೊಪ್ಪಳ, ಗದಗ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಹಾಯ್ದು, ಅರಬೈಲ್ ಘಟ್ಟ ಇಳಿದು ಅಂಕೋಲಾ ಮುಟ್ಟಬೇಕು. ಸುಮಾರು 350 ಕಿಲೋಮೀಟರ್. ಅಷ್ಟು ದೂರ ಹೋಗೋರು ವರ್ಷಾ ವರ್ಷಾ ಹೋಗಲ್ಲ. ಹಾಗಾಗಿ ಯಾವ ಬೀಚ್ ಅನ್ನೋದು ನಮ್ಮ ಮನೆಯಲ್ಲಿ ಸಣ್ಣ ಪ್ರಶ್ನೆ ಆಗಿರಲಿಲ್ಲ.

ಭತ್ತದ ರಾಶಿ ಮುಗಿದ ಮೇಲೆ ಜನವರಿಯಲ್ಲಿ ಹೋಗೋದು ಅಂತಾಯ್ತು. ಸಿಂಧನೂರಿಂದ ಅಪ್ಪ, ಅವ್ವ. ಮಸ್ಕಿಯಿಂದ ಮಾಮ, ಅತ್ತಿ. ಲಿಂಗಸುಗೂರಿಂದ ಅಕ್ಕ, ಭಾವ, ಅವರ ಇಬ್ಬರು ಗಂಡುಮಕ್ಕಳು. ಬೆಂಗಳೂರಿಂದ ನಾನು. ಒಟ್ಟು ಒಂಬತ್ತು ಜನ, ಒಂದು ಕ್ರೂಸರ್. "ನೀನು ಆಫೀಸಿನ್ಯಾಗ ಕಂಪ್ಯೂಟರ್ ಮುಂದ ಕುಂತಿರ್ತಿ, ನೀನ ಹುಡುಕು" ಅಂತ ಬೀಚ್ ಆರಿಸೋ ಕೆಲಸ ನನಗೆ ಬಂತು.

ಮನೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ ಬೇಡಿಕೆಗಳು ಶುರುವಾದವು. ಮಾಮಗೆ ಗೋಕರ್ಣದ ಮಹಾಬಲೇಶ್ವರನ ದರ್ಶನ ಆಗಲೇಬೇಕು. ಅಕ್ಕನಿಗೆ ಓಂ ಬೀಚಿನ ಫೋಟೊ. ಅಪ್ಪನಿಗೆ ಮುರುಡೇಶ್ವರದ ದೊಡ್ಡ ಶಿವ. ಹುಡುಗರಿಗೆ ಈಜು. ಭಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡೋರು, ಅವರು ಬರೆದದ್ದು ಒಂದೇ ಸಾಲು: "ಸೇಫ್ ಇರಬೇಕು." ಅವ್ವ ಏನೂ ಹೇಳಲಿಲ್ಲ. ಫೋನ್ ಮಾಡಿ ಕೇಳಿದೆ.

"ನಂದೇನೈತಿ ಬಿಡವ್ವ, ದೂರ ಕುಂತು ನೋಡ್ತೀನಿ. ಚೀಲ ಕಾಯಾಕ ಒಬ್ರು ಬೇಕಲ್ಲ."

ಅವ್ವನಿಗೆ 62 ವರ್ಷ. ಮೊಣಕಾಲು ನೋವು. ಸಮುದ್ರ ಕಂಡಿಲ್ಲ. ಕಾಣೋಕೆ ಹೊರಟಾಗಲೂ ಚೀಲದ ಕೆಲಸ ಮೊದಲೇ ವಹಿಸಿಕೊಂಡಿದ್ದಳು. ಆ ಮಾತು ಕೇಳಿದ ಮೇಲೆ ನನ್ನ ಹುಡುಕಾಟದ ದಾರಿಯೇ ಬದಲಾಯ್ತು. ಸ್ಟಾರ್ ರೇಟಿಂಗ್ ಪಕ್ಕಕ್ಕಿಟ್ಟೆ. ಅವ್ವ ನೀರಿಗಿಳಿಯೋ ಬೀಚ್ ಯಾವುದು ಅಂತ ಹುಡುಕೋಕೆ ಕೂತೆ.

ಒಂದೇ ಊರು, ಬೇರೆ ಬೇರೆ ದಂಡೆ

ಸ್ಪೇನ್‌ನ ಬೆನಿಡಾರ್ಮ್ ಅನ್ನೋ ಕಡಲೂರಿಗೆ ಹೋಗೋರು ಕೂಡ ಇದೇ ಲೆಕ್ಕ ಹಾಕ್ತಾರಂತೆ. ಅಲ್ಲಿ ಲೆವಾಂತೆ, ಪೊನಿಯೆಂತೆ ಅಂತ ಎರಡು ಉದ್ದನೆಯ ದಂಡೆ, ನಡುವೆ ಮಾಲ್ ಪಾಸ್ ಅನ್ನೋ ಪುಟ್ಟದೊಂದು. ಗದ್ದಲ ಬೇಕಾದವರು ಲೆವಾಂತೆಗೆ, ಸ್ವಲ್ಪ ನೆಮ್ಮದಿ ಬೇಕಾದವರು ಪೊನಿಯೆಂತೆಗೆ. ನಮ್ಮ ಗೋಕರ್ಣವೂ ಹಾಗೇ. ಊರು ಒಂದೇ, ಆದರೆ ಒಂದೊಂದು ದಂಡೆ ಒಂದೊಂದು ಬಗೆಯ ಜನರಿಗೆ.

ದೇವಸ್ಥಾನದ ಹತ್ತಿರವೇ ಇರೋದು ಮುಖ್ಯ ದಂಡೆ. ಸಮತಟ್ಟು, ಉದ್ದ, ಮೀನುಗಾರರ ದೋಣಿಗಳು. ವಯಸ್ಸಾದವರು ದರ್ಶನ ಮುಗಿಸಿ ನಡೆದೇ ಹೋಗಬಹುದು. ಕುಡ್ಲೆ ಬೀಚ್ ಚೆಂದ, ಆದರೆ ಇಳಿಜಾರು ದಾರಿ ಇಳಿಯಬೇಕು. ಇಳಿದವರು ಮತ್ತೆ ಹತ್ತಲೂಬೇಕು. ಓಂ ಬೀಚಿಗೆ ಗಾಡಿ ಮೇಲಿನತನಕ ಹೋಗುತ್ತೆ, ಅಲ್ಲಿಂದ ಕೆಳಕ್ಕೆ ಮೆಟ್ಟಿಲು. ಹಾಫ್ ಮೂನ್, ಪ್ಯಾರಡೈಸ್ ಅನ್ನೋವು ಇನ್ನೂ ಆಚೆ, ಗುಡ್ಡ ಹತ್ತಿ ನಡೀಬೇಕು, ಇಲ್ಲಾ ದೋಣಿ ಹಿಡೀಬೇಕು. ಫೋನಿನಲ್ಲಿ ಅತಿ ಹೆಚ್ಚು ಹೊಗಳಿಕೆ ಕಾಣೋದು ಈ ಕೊನೆಯ ಎರಡಕ್ಕೇ. ಹೊಗಳಿದವರ ಮೊಣಕಾಲು ಗಟ್ಟಿ ಇರಬೇಕು.

ಮುರುಡೇಶ್ವರದಲ್ಲಿ 123 ಅಡಿ ಶಿವನ ವಿಗ್ರಹ, 20 ಅಂತಸ್ತಿನ ರಾಜಗೋಪುರ, ಮೇಲೆ ಹೋಗೋಕೆ ಲಿಫ್ಟು. ಅಪ್ಪನ ಆಸೆಗೆ ಸರಿ. ಆದರೆ ಡಿಸೆಂಬರ್, ಜನವರಿ ಅಂದರೆ ಶಾಲಾ ಪ್ರವಾಸದ ಕಾಲ, ವಿಪರೀತ ಜನ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಅಲ್ಲೇ ನೀರುಪಾಲಾಗಿದ್ದರು. ಆ ಸುದ್ದಿ ಓದಿದ್ದ ಅಕ್ಕ, "ಅಲ್ಲಿ ದೇವರನ್ನ ಅಷ್ಟ ನೋಡಾನ, ನೀರಿಗೆ ಬ್ಯಾಡ" ಅಂದಳು.

ಕಾಲುವೆ ಬೇರೆ, ಕಡಲು ಬೇರೆ

ಹುಡುಗರಿಬ್ಬರಿಗೂ ಸಿಟ್ಟು. ದೊಡ್ಡವನಿಗೆ 14, ಸಣ್ಣವನಿಗೆ 9. ಬೇಸಿಗೆ ರಜೆಗೆ ಸಿಂಧನೂರಿಗೆ ಬಂದಾಗೆಲ್ಲ ಕಾಲುವೆಯಲ್ಲೇ ಈಜು ಕಲಿತವರು. "ಚಿಗವ್ವ, ಕಾಲುವ್ಯಾಗ ಈಜಾಡಿವಿ, ಸಮುದ್ರ ಏನ್ ಲೆಕ್ಕ?" ಅಂತ ದೊಡ್ಡವನ ವಾದ. ನಮ್ಮ ಕಡೆ ಈಜು ಬಲ್ಲ ಗಂಡಸರು ಬಹುತೇಕ ಎಲ್ಲರೂ ಆಡೋ ಮಾತು ಇದು.

ಭಾವ ಕೂಗಾಡಲಿಲ್ಲ. ವಿಡಿಯೊ ಕಾಲ್‌ನಲ್ಲೇ ಕೇಳಿದರು: "ಗಣ್ಯಾಗ ಇಳಿಯೋ ಮೊದಲು ನಾವು ಹೊರಗ ಬರೋ ದಾರಿ ನೋಡ್ಕೋತೀವಿ. ಸಮುದ್ರದಾಗ ನಿಂದು ಹೊರಗ ಬರೋ ದಾರಿ ಯಾವುದು, ಹೇಳು ನೋಡೋಣ."

ಹುಡುಗ ಸುಮ್ಮನಾದ. ನಾವೂ ಅವತ್ತೇ ಕೂತು ಓದಿ ತಿಳಿದುಕೊಂಡೆವು. ಕಾಲುವೆ ಒಂದೇ ದಿಕ್ಕಿಗೆ ಹರಿಯುತ್ತೆ. ಸಮುದ್ರ ಹಾಗಲ್ಲ. ಅಲೆ ಜೊತೆ ದಂಡೆಗೆ ಬಂದ ನೀರು ಎಲ್ಲೋ ಒಂದು ಕಡೆ ಕಿರಿದಾದ ದಾರಿ ಮಾಡಿಕೊಂಡು ರಭಸದಿಂದ ವಾಪಸ್ ಹೋಗುತ್ತೆ. ರಿಪ್ ಕರೆಂಟ್ ಅಂತಾರೆ. ಮೋಸ ಏನಂದ್ರೆ, ಆ ಜಾಗದಲ್ಲಿ ಅಲೆ ಒಡೆಯೋದು ಕಡಿಮೆ. ನೋಡೋಕೆ ಅಕ್ಕಪಕ್ಕಕ್ಕಿಂತ ಶಾಂತವಾಗಿರುತ್ತೆ. ಇದೇ ಒಳ್ಳೆ ಜಾಗ ಅಂತ ಅಲ್ಲಿಗೇ ಇಳೀತಾರೆ. ಸಿಕ್ಕಿಕೊಂಡವರು ದಂಡೆ ಕಡೆಗೆ ನೇರ ಈಜಿ ಈಜಿ ಸುಸ್ತಾಗ್ತಾರೆ, ಜೀವ ಹೋಗೋದು ಆ ಸುಸ್ತಿಗೆ. ಗಾಬರಿಯಾಗದೆ ತೇಲಬೇಕು, ಕೈ ಎತ್ತಿ ಕರೀಬೇಕು, ದಂಡೆಗೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಂಡೆಯತ್ತ ಬರಬೇಕು. ಇದನ್ನ ಹುಡುಗರ ಕೈಯಲ್ಲಿ ಎರಡು ಸಲ ಹೇಳಿಸಿದ ಮೇಲೇ ಭಾವ ಫೋನ್ ಇಟ್ಟಿದ್ದು.

ನೀಲಿ ಬಾವುಟದ ಕಾಸರಕೋಡು

ಆಗ ಕಣ್ಣಿಗೆ ಬಿದ್ದದ್ದು ಹೊನ್ನಾವರದ ಹತ್ತಿರದ ಕಾಸರಕೋಡು ಇಕೋ ಬೀಚ್. ಕೇರಳದ ಕಾಸರಗೋಡಲ್ಲ, ಶರಾವತಿ ಸಮುದ್ರ ಸೇರೋ ಜಾಗದ ಪಕ್ಕದ್ದು. 2020ರ ಅಕ್ಟೋಬರ್‌ನಲ್ಲಿ ದೇಶದ ಎಂಟು ಬೀಚ್‌ಗಳಿಗೆ ಮೊದಲ ಸಲ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಾಗ ಕರ್ನಾಟಕದಿಂದ ಇದೂ, ಉಡುಪಿ ಜಿಲ್ಲೆಯ ಪಡುಬಿದ್ರಿಯೂ ಅದರಲ್ಲಿದ್ದವು. ಈ ನೀಲಿ ಬಾವುಟ 1985ರಲ್ಲಿ ಫ್ರಾನ್ಸ್‌ನಲ್ಲಿ ಶುರುವಾದದ್ದು. ನೀರಿನ ಶುದ್ಧತೆ, ಶೌಚಾಲಯ, ಜೀವರಕ್ಷಕರು ಅಂತ 33 ಮಾನದಂಡ ನೋಡ್ತಾರೆ. ವರ್ಷ ವರ್ಷ ಮತ್ತೆ ಪಡೀಬೇಕು. ಅದಕ್ಕೇ ಹೋಗೋ ವರ್ಷದ ಸ್ಥಿತಿ ವಿಚಾರಿಸಿಕೊಳ್ಳೋದು ಒಳ್ಳೇದು.

ನಾನು ಹುಡುಕುತ್ತಿದ್ದ ಒಂದು ಸೌಲಭ್ಯ ಅಲ್ಲಿತ್ತು: ಬಟ್ಟೆ ಬದಲಾಯಿಸೋ ಕೋಣೆ. ಗಂಡಸರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನಮ್ಮ ಹೆಣ್ಣುಮಕ್ಕಳು ಸಮುದ್ರದವರೆಗೂ ಹೋಗಿ ಪಾದ ತೋಯಿಸಿಕೊಂಡು ವಾಪಸ್ ಬರೋಕೆ ಅರ್ಧ ಕಾರಣ ನೀರಿನ ಭಯ, ಇನ್ನರ್ಧ ಒದ್ದೆ ಸೀರೆಯ ಭಯ. ಒದ್ದೆ ಸೀರೆಯಲ್ಲಿ ಜನರ ನಡುವೆ ನಿಲ್ಲೋದು ಹೇಗೆ, ಕ್ರೂಸರ್‌ನಲ್ಲಿ ಕೂರೋದು ಹೇಗೆ? ಅದಕ್ಕಿಂತ ಚೀಲ ಕಾಯೋದೇ ವಾಸಿ.

ಕೊನೆಗೆ ಹೀಗೆ ಹಂಚಿದೆವು. ಮೊದಲ ದಿನ ಸಂಜೆ ಗೋಕರ್ಣದಲ್ಲಿ ದರ್ಶನ, ಮುಖ್ಯ ದಂಡೆಯಲ್ಲಿ ಮರಳ ಮೇಲೆ ನಡಿಗೆ, ಸೂರ್ಯಾಸ್ತ. ಎರಡನೇ ದಿನ ಬೆಳಗ್ಗೆ ಬೇಗ ಓಂ ಬೀಚ್: ಅಕ್ಕ, ನಾನು, ಹುಡುಗರು ಕೆಳಗಿಳಿದೆವು, ಉಳಿದವರು ಮೇಲೇ ಕೂತು ಚಹಾ ಕುಡಿದರು. ಅವತ್ತೇ ಬಿಸಿಲು ಇಳಿದ ಮೇಲೆ ಕಾಸರಕೋಡು, ನೀರಾಟ ಅಲ್ಲಿ ಮಾತ್ರ. ಮೂರನೇ ದಿನ ಮುರುಡೇಶ್ವರ, ಗೋಪುರ ನೋಡಿ ಊರ ದಾರಿ.

ಕಾಸರಕೋಡಿನಲ್ಲಿ ಗಾಳಿಮರದ ನೆರಳು, ಸಮತಟ್ಟಾದ ದಾರಿ. ಭಾವ ಮೊದಲು ಹೋಗಿ ಜೀವರಕ್ಷಕರನ್ನ ಮಾತಾಡಿಸಿ, ಎಲ್ಲಿಯತನಕ ಇಳೀಬಹುದು ಅಂತ ಕೇಳಿಕೊಂಡು ಬಂದರು. ದೊಡ್ಡ ಹುಡುಗ ಒಂದು ಸಲ ಗೆರೆ ದಾಟಿದ. ಸೀಟಿ ಬಿತ್ತು. ತಿರುಗಿ ಬಂದ.

ಅವ್ವ ಎಂದಿನಂತೆ ಚೀಲದ ಪಕ್ಕ ಕೂತಳು. ನಾನು ಅವಳ ಇನ್ನೊಂದು ಸೀರೆ ತೆಗೆದು, ಕೋಣೆ ತೋರಿಸಿ ಬಂದೆ. ಅಲ್ಲಿ ಚಿಲಕ ಇದೆಯಾ ಅಂತ ತಾನೇ ಹಾಕಿ ನೋಡಿದಳು. ಆಮೇಲೆ ಮಾಮನ ಕಡೆ ತಿರುಗಿ, "ತಮ್ಮಾ, ಇವಿಷ್ಟು ನೋಡ್ಕೊ" ಅಂದಳು.

ಮೊದಲು ಪಾದ, ಆಮೇಲೆ ಮೊಣಕಾಲು. ಅಕ್ಕ ಒಂದು ಕೈ, ನಾನು ಒಂದು ಕೈ ಹಿಡಿದಿದ್ದೆವು. ದಂಡೆಯ ಅಂಚಿನಲ್ಲೇ ಅವ್ವ ಕೂತುಬಿಟ್ಟಳು. ಅಲೆ ಬಂದು ಎದೆಮಟ್ಟ ತೋಯಿಸಿ ಹೋದಾಗ ಜೋರಾಗಿ ನಕ್ಕಳು. ಅವಳು ಹಾಗೆ ನಕ್ಕದ್ದು ನಾನು ಕೇಳಿ ಎಷ್ಟು ವರ್ಷ ಆಗಿತ್ತೋ. ಬೊಗಸೆಯಲ್ಲಿ ನೀರು ತಗೊಂಡು ನಾಲಿಗೆಗೆ ಮುಟ್ಟಿಸಿ, ಮುಖ ಕಿವುಚಿ, ಕಾಲುವೆಯ ಕೊನೆ ಭಾಗದ ರೈತರ ಮನೆಯಲ್ಲಿ ಹುಟ್ಟಿದವಳು ಅಂದದ್ದಿಷ್ಟು:

"ಇಷ್ಟೊಂದು ನೀರೈತಿ, ಒಂದು ಮಡಿ ಭತ್ತಕ್ಕೂ ಬರಂಗಿಲ್ಲಲ್ಲೋ ಶಿವನೇ!"

ಅವಳನ್ನ ನೋಡಿ ಅತ್ತಿಯೂ ಬಂದು ಪಕ್ಕದಲ್ಲಿ ಕೂತರು. ಮಾಮ ಆ ಸಂಜೆ ಪೂರ್ತಿ ಒಂಬತ್ತು ಜನರ ಚಪ್ಪಲಿ, ಚೀಲ, ಫೋನು ಕಾದರು.

ನಿಮ್ಮ ಮನೆಯಲ್ಲೂ ಬೀಚ್ ಆರಿಸೋ ಕೆಲಸ ನಿಮ್ಮ ಪಾಲಿಗೆ ಬಂದರೆ, ಬುಕ್ ಮಾಡೋ ಮೊದಲು ಉಳಿಯೋ ಜಾಗಕ್ಕೆ ಒಂದು ಫೋನ್ ಮಾಡಿ. ಗಾಡಿ ನಿಲ್ಲೋ ಜಾಗದಿಂದ ಮರಳಿಗೆ ಎಷ್ಟು ಮೆಟ್ಟಿಲು? ಹೆಂಗಸರಿಗೆ ಬಟ್ಟೆ ಬದಲಾಯಿಸೋಕೆ ಬಾಗಿಲಿರೋ ಕೋಣೆ ಇದೆಯಾ? ಜೀವರಕ್ಷಕರು ಎಷ್ಟು ಗಂಟೆಯವರೆಗೆ ಇರ್ತಾರೆ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲು ಒರಟಾಗಿರುತ್ತೆ, ಆ ತಿಂಗಳಲ್ಲಿ ನೀರಿನ ಆಸೆಯೇ ಬೇಡ. ಮೂರಕ್ಕೂ ಸರಿಯಾದ ಉತ್ತರ ಸಿಕ್ಕರೆ ಹೊರಡಿ. ಅಂದಹಾಗೆ, ಈ ಸಲ ಚೀಲ ಕಾಯೋಕೆ ನೀವು ಕೂತ್ಕೊಳ್ಳಿ.