ಬಿಳಿ ಎಂದರೆ ಎಷ್ಟು ಬಿಳಿ?

ಹೊಸ ಟ್ಯಾಬ್ ಮನೆಗೆ ಬಂದು ಮೂರು ದಿನವಾಗಿತ್ತು. ಹಡಗಲಿಯ ನಮ್ಮ ಬೀಗರು ತಮ್ಮ ತೋಟದ ಮಲ್ಲಿಗೆಯ ಫೋಟೊ ಕಳಿಸಿದ್ದರು. ಬುಟ್ಟಿ ತುಂಬ ಮೊಗ್ಗು. ಆರನೇ ತರಗತಿಯಲ್ಲಿ ಓದುವ ಮೊಮ್ಮಗಳು ಅದನ್ನು ಪರದೆಯ ತುಂಬ ದೊಡ್ಡದು ಮಾಡಿ ನೋಡುತ್ತ, "ಅಜ್ಜಾ, ಈ ಕಡೆ ಮೊಗ್ಗು ತಾಜಾ ಅದಾವು, ಆ ಕಡೆವು ಬಾಡ್ಯಾವು" ಎಂದಳು.

ಒಂದೇ ಬುಟ್ಟಿಯ ಮೊಗ್ಗು ಅರ್ಧ ಬಾಡಿ ಅರ್ಧ ತಾಜಾ ಇರುವುದುಂಟೇ? ಅವಳೇ ಚಿತ್ರ ಬಿಡಿಸುವ ಖಾಲಿ ಬಿಳಿ ಹಾಳೆಯನ್ನು ತೆರೆದಳು. ಆಗ ಗೊತ್ತಾಯಿತು. ಪರದೆಯ ಬಲಗಡೆ ನಾಲ್ಕು ಬೆರಳಿನಷ್ಟು ಅಗಲಕ್ಕೆ ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಚಹಾ ಚೆಲ್ಲಿ ಒರೆಸಿದ ಕಾಗದದ ಹಾಗೆ. ಉಳಿದ ಕಡೆಯೆಲ್ಲ ಸುಣ್ಣ ಬಳಿದ ಗೋಡೆಯಂಥ ಬಿಳಿ.

ಮನೆಯಲ್ಲಿ ಎರಡು ಪಕ್ಷವಾಯಿತು. ಬೆಂಗಳೂರಿನಲ್ಲಿರುವ ಮಗ ಫೋನಿನಲ್ಲಿ, "ನಡೀತೈತಲ್ಲಪ್ಪಾ, ಇಷ್ಟಕ್ಕೆಲ್ಲ ಯಾಕೆ ತಲಿ ಕೆಡಿಸ್ಕೊಳ್ತಿ?" ಎಂದ. ನನ್ನ ಮನೆಯವರು, "ಸೀರಿ ಸೆರಗಿನಾಗ ಇಂಥ ಕಲೆ ಇದ್ದಿದ್ರೆ ನಾನು ಅಂಗಡಿಯಾಗೇ ಬಿಟ್ಟು ಬರ್ತಿದ್ದೆ" ಎಂದರು. ಹದಿನಾರು ಸಾವಿರ ರೂಪಾಯಿ ಪಿಂಚಣಿಯ ಹಣದಲ್ಲಿ ಕೊಂಡಿದ್ದು ನಾನು. ನನಗೆ ಕಾಡಿದ ಪ್ರಶ್ನೆಯೇ ಬೇರೆ. ಹಳದಿ ಇರುವುದು ಪರದೆಯಲ್ಲೋ, ನನ್ನ ಕಣ್ಣಿನಲ್ಲೋ?

ಈ ಅನುಮಾನಕ್ಕೆ ಕಾರಣವಿದೆ. ನನ್ನ ಬಲಗಣ್ಣಿನ ಪೊರೆ ತೆಗೆಸಿ ಎರಡು ವರ್ಷವಾಯಿತು. ಎಡಗಣ್ಣಿಗೆ ಇನ್ನೂ ಕಾಲ ಬಂದಿಲ್ಲ ಎಂದಿದ್ದಾರೆ ಡಾಕ್ಟರು. ಒಂದೊಂದೇ ಕಣ್ಣು ಮುಚ್ಚಿ ನೋಡಿದರೆ ಅದೇ ಗೋಡೆ ಬಲಗಣ್ಣಿಗೆ ಅಚ್ಚ ಬಿಳಿ, ಕೊಂಚ ನೀಲಿಯೇ ಎನ್ನಬಹುದು. ಎಡಗಣ್ಣಿಗೆ ಹಳೆಯ ಪುಸ್ತಕದ ಹಾಳೆ. ವಯಸ್ಸಾದಂತೆ ಕಣ್ಣಿನೊಳಗಿನ ಮಸೂರ ಹಳದಿಗೆ ತಿರುಗುತ್ತದೆ. ಅದು ನಿಧಾನವಾಗಿ ಆಗುವುದರಿಂದ ನಮಗೆ ತಿಳಿಯುವುದಿಲ್ಲ. ಪೊರೆ ತೆಗೆಸಿದ ಮರುದಿನ ಲೋಕವೆಲ್ಲ ತೊಳೆದಿಟ್ಟಂತೆ ಕಾಣುವುದು ಅದಕ್ಕೇ. ಈ ಪತ್ರಿಕೆ ಓದುವ ಅಜ್ಜ ಅಜ್ಜಿಯರಲ್ಲಿ ಅನೇಕರಿಗೆ ಇದು ಗೊತ್ತು.

ಮೊಮ್ಮಗಳ ಕಣ್ಣನ್ನು ನಾನು ನಂಬಿದೆ. ಆದರೆ ಮೂರನೆಯವರು ನಂಬಬೇಕಾದರೆ ಪರೀಕ್ಷೆ ಬೇಕು. ಇಬ್ಬರೂ ಕೂತು ಮೂರು ಪರೀಕ್ಷೆ ಮಾಡಿದೆವು.

ಮೊದಲನೆಯದು, ತಿರುಗಿಸುವುದು. ಬಿಳಿ ಹಾಳೆಯ ಮೇಲೆ ಅವಳು ಒಂದು ಮನೆ ಬರೆದಳು. ಆಮೇಲೆ ಟ್ಯಾಬನ್ನು ತಲೆಕೆಳಗು ಹಿಡಿದೆವು. ಚಿತ್ರ ತಾನಾಗಿ ತಿರುಗಿ ನೆಟ್ಟಗಾಯಿತು. ಹಳದಿ ಪಟ್ಟಿ ಮಾತ್ರ ಬಲದಿಂದ ಎಡಕ್ಕೆ ಬಂತು. ದೋಷ ಕಣ್ಣಿನಲ್ಲಿದ್ದರೆ ಅದು ಬಲಗಡೆಯೇ ಉಳಿಯಬೇಕಿತ್ತು. ಚಿತ್ರದಲ್ಲಿದ್ದರೆ ಚಿತ್ರದ ಜೊತೆ ತಿರುಗಬೇಕಿತ್ತು. ಎರಡೂ ಆಗದೆ ಗಾಜಿನ ಜೊತೆ ಬಂತು ಎಂದ ಮೇಲೆ ದೋಷ ಪರದೆಯದೇ.

ಎರಡನೆಯದು ಸ್ಕ್ರೀನ್‌ಶಾಟ್. ಅದನ್ನು ತೆಗೆದು ನನ್ನ ಫೋನಿಗೆ ಕಳಿಸಿ ನೋಡಿದರೆ ಅಲ್ಲಿ ಹಾಳೆ ಪೂರ್ತಿ ಬಿಳಿ. ಸ್ಕ್ರೀನ್‌ಶಾಟ್ ಎಂದರೆ ಪರದೆಗೆ ಹೋಗುವ ಲೆಕ್ಕದ ಪ್ರತಿ, ಪರದೆಯ ಫೋಟೊ ಅಲ್ಲ. ಲೆಕ್ಕ ಸರಿಯಿದೆ, ತೋರಿಸುವಲ್ಲಿ ತಪ್ಪಿದೆ ಎಂದಾಯಿತು. ಬೇರೆ ಫೋನಿನ ಕ್ಯಾಮೆರಾದಿಂದ ತೆಗೆದ ಫೋಟೊದಲ್ಲಿ ಹಳದಿ ಪಟ್ಟಿ ಬಂತು.

ಮೂರನೆಯದು ಸೆಟ್ಟಿಂಗ್ಸ್. ರಾತ್ರಿ ಓದುವವರ ಕಣ್ಣಿಗೆ ಹಿತವಾಗಲೆಂದು ಪರದೆಯ ನೀಲಿಯನ್ನು ತಗ್ಗಿಸುವ ಗುಂಡಿಯೊಂದಿರುತ್ತದೆ. ಅದು ಆನ್ ಆಗಿದ್ದರೂ ಪರದೆ ಹಳದಿಯಾಗುತ್ತದೆ. ಆದರೆ ಪೂರ್ತಿ ಪರದೆ ಒಂದೇ ಸಮ ಆಗುತ್ತದೆ, ಒಂದು ಪಕ್ಕ ಮಾತ್ರವಲ್ಲ. ನಮ್ಮದರಲ್ಲಿ ಅದು ಆಫ್ ಇತ್ತು.

"ಹಂಗಾದ್ರೆ ಗಾಜಿನಾಗ ಹಳದಿ ಹೆಂಗ ಬಂತು?" ಎಂಬುದು ಮೊಮ್ಮಗಳ ಮುಂದಿನ ಪ್ರಶ್ನೆ. ಬಿ.ಕಾಂ. ಓದಿದವನಿಗೆ ಸುಲಭದ ಪ್ರಶ್ನೆಯಲ್ಲ. ಓದಿ ತಿಳಿದುಕೊಂಡದ್ದನ್ನು ಮಕ್ಕಳಿಗಾಗಿ ಇಲ್ಲಿ ಬರೆಯುತ್ತೇನೆ.

ನಮ್ಮ ಟ್ಯಾಬಿನದು ಎಲ್‌ಸಿಡಿ ಪರದೆ. ಅದಕ್ಕೆ ಸ್ವಂತ ಬೆಳಕಿಲ್ಲ. ಹಿಂದೆ ಒಂದು ತೆಳು ಪ್ಲಾಸ್ಟಿಕ್ ಹಲಗೆ, ಅದರ ಒಂದು ಅಂಚಿನಲ್ಲಿ ಸಾಲಾಗಿ ಪುಟ್ಟ ಎಲ್‌ಇಡಿ ದೀಪಗಳು. ಅಂಚಿನಿಂದ ನುಗ್ಗಿದ ಬೆಳಕನ್ನು ಹಲಗೆ ಎಲ್ಲ ಕಡೆಗೂ ಹಂಚುತ್ತದೆ. ಹಲಗೆಯ ಮೇಲಿನ ಹಾಳೆಗಳು ಅದನ್ನು ಇನ್ನಷ್ಟು ಹರಡುತ್ತವೆ. ಅದರ ಮುಂದೆ ದ್ರವಸ್ಫಟಿಕದ ಪದರ. ಅದು ಲಕ್ಷಾಂತರ ಪುಟ್ಟ ಕಿಟಕಿಗಳಂತೆ ಕೆಲಸ ಮಾಡುತ್ತದೆ. ವಿದ್ಯುತ್ತಿನ ಅಪ್ಪಣೆಯಂತೆ ಒಂದೊಂದು ಕಿಟಕಿಯೂ ಬೆಳಕನ್ನು ಬಿಡುತ್ತದೆ ಇಲ್ಲವೆ ತಡೆಯುತ್ತದೆ. ಕಿಟಕಿಗಳಿಗೆ ಕೆಂಪು, ಹಸಿರು, ನೀಲಿ ಬಣ್ಣದ ತೆರೆ. ಮೂರೂ ತೆರೆದರೆ ನಮಗೆ ಬಿಳಿ.

ಇನ್ನು ಆ ದೀಪದ ಗುಟ್ಟು. ಬಿಳಿ ಎಲ್‌ಇಡಿ ಸಾಮಾನ್ಯವಾಗಿ ನಿಜಕ್ಕೂ ನೀಲಿ ದೀಪ! ಅದರ ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪವಿರುತ್ತದೆ. ನೀಲಿಯ ಒಂದು ಪಾಲು ಹಳದಿಯಾಗುತ್ತದೆ, ಉಳಿದ ಪಾಲು ಹಾಗೇ ಹೊರಬರುತ್ತದೆ. ಎರಡೂ ಸೇರಿದರೆ ನಮ್ಮ ಕಣ್ಣಿಗೆ ಬಿಳಿ. ನೀಲಿ ಹಳದಿ ಸೇರಿದರೆ ಹಸಿರಲ್ಲವೇ ಎಂದು ಕೇಳಬೇಡಿ. ಅದು ಬಣ್ಣದ ಡಬ್ಬಿಯ ಮಾತು, ಬೆಳಕಿನ ಮಾತು ಬೇರೆ. ಈ ನೀಲಿ ದೀಪವನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು.

ನಮ್ಮ ಹಳ್ಳಿ ಮನೆಗಳಲ್ಲಿ ಬಿಳಿ ಪಂಚೆ ಒಗೆದ ಮೇಲೆ ನೀಲಿ ಹಾಕುತ್ತಿದ್ದುದು ನೆನಪಿದೆಯೇ? ಹಳೆಯ ಪಂಚೆಯ ಹಳದಿಯನ್ನು ಮರೆಸಲು ಒಂದು ಚಿಟಿಕೆ ನೀಲಿ. ಬಕೆಟ್ಟಿನಲ್ಲಿ ಅದು ಸರಿಯಾಗಿ ಕದಡದಿದ್ದರೆ ಪಂಚೆಯ ಒಂದು ಕಡೆ ನೀಲಿ ಮಚ್ಚೆ, ಇನ್ನೊಂದು ಕಡೆ ಹಳದಿಯೇ ಉಳಿಯುತ್ತಿತ್ತು. ಪರದೆಯಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಒಂದು ದೀಪದ ಲೇಪ ಇನ್ನೊಂದಕ್ಕಿಂತ ದಪ್ಪವಾಗಿರಬಹುದು. ದೀಪದಿಂದ ದೂರ ಹೋದಂತೆ ನೀಲಿಯ ಪಾಲು ಕಡಿಮೆಯಾಗಬಹುದು. ಹಾಳೆಯೊಂದು ಸುಕ್ಕಾಗಿರಬಹುದು, ಪದರಗಳ ನಡುವಿನ ಅಂಟು ಸಮನಾಗಿ ಕೂತಿರಲಿಕ್ಕಿಲ್ಲ, ಚೌಕಟ್ಟು ಒಂದು ಮೂಲೆಯನ್ನು ಒತ್ತುತ್ತಿರಬಹುದು. ನೀಲಿ ಹಳದಿಯ ಪ್ರಮಾಣ ಸ್ವಲ್ಪ ಕದಲಿದರೂ ಬಿಳಿ ಹಾಳೆ ಅದನ್ನು ಬಚ್ಚಿಡುವುದಿಲ್ಲ. ಬಣ್ಣದ ಸಿನಿಮಾದಲ್ಲಿ ಕಾಣದ್ದು ಬಿಳಿ ಹಾಳೆಯಲ್ಲಿ ಕಾಣುವುದು ಅದಕ್ಕೆ.

ದ್ರವಸ್ಫಟಿಕದ ಹೆಸರು ಕೇಳಿ ಇದೆಲ್ಲ ಬರೀ ಹೊರದೇಶದ ವಿದ್ಯೆ ಎಂದುಕೊಳ್ಳಬೇಡಿ. 1888ರಲ್ಲಿ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಒಂದು ವಸ್ತು ಎರಡು ಸಲ ಕರಗುವುದನ್ನು ಕಂಡರು. 145.5 ಡಿಗ್ರಿಯಲ್ಲಿ ಅದು ಮೊಸರಿನಂಥ ಮಬ್ಬು ದ್ರವವಾಯಿತು, 178.5 ಡಿಗ್ರಿಯಲ್ಲಿ ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅಂದಿನಿಂದ ಕಡ್ಡಿಯಂಥ ಅಣುಗಳೇ ಹೀಗೆ ಮಾಡುತ್ತವೆ ಎಂದು ನಂಬಿದ್ದ ಕಾಲದಲ್ಲಿ, 1977ರಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ಬಿಲ್ಲೆಯಂಥ ಅಣುಗಳೂ ದ್ರವಸ್ಫಟಿಕವಾಗುತ್ತವೆ ಎಂದು ತೋರಿಸಿದರು. ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿದ ಹಾಗೆ ಆ ಅಣುಗಳು ಕಂಬ ಕಟ್ಟುತ್ತವೆ. ಇವರು ಮೊದಲು ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿದವರು. ನೊಬೆಲ್ ಪಡೆದ ಚಂದ್ರಶೇಖರ್ ಬೇರೆ, ಇವರು ಬೇರೆ. ಬಿಲ್ಲೆ ಅಣುಗಳ ತೆಳು ಹಾಳೆಯನ್ನು ಮುಂದೆ ಎಲ್‌ಸಿಡಿ ಪರದೆಗಳಲ್ಲಿ ಬಳಸಿದರು. ಪಕ್ಕದಿಂದ ನೋಡಿದಾಗ ಚಿತ್ರ ಕೆಡದಿರಲು ಅದು ನೆರವಾಯಿತು.

ಕಾರಣ ತಿಳಿಯಿತು. ಇನ್ನು ಪರಿಹಾರ ಆಗಬೇಕಲ್ಲ? ಕೊಂಡ ಐದನೆಯ ದಿನ ಶನಿವಾರ ಬಂತು. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಮೊಮ್ಮಗಳನ್ನು ಕರೆದುಕೊಂಡು ಕೊಟ್ಟೂರಿನಿಂದ ಬಸ್ಸು ಹತ್ತಿ, ಹಗರಿಬೊಮ್ಮನಹಳ್ಳಿ ದಾಟಿ, ಹೊಸಪೇಟೆಯ ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಒಂದು ಸಲ ಪರದೆ ನೋಡಿ, ಒಂದು ಸಲ ನನ್ನ ಕನ್ನಡಕ ನೋಡಿ, "ಯಜಮಾನ್ರೇ, ಕಣ್ಣಿಗೆ ಪೊರಿ ಬಂದಿರಬೇಕು, ಒಮ್ಮೆ ತೋರಿಸ್ಕೊಳ್ರಿ" ಎಂದ. ಅಕ್ಕಪಕ್ಕದವರು ನಕ್ಕರು.

ನಾನು ಮಾತಾಡಲಿಲ್ಲ. ಮೊಮ್ಮಗಳು ಮುಂದೆ ಬಂದು ಟ್ಯಾಬನ್ನು ತಿರುಗಿಸಿದಳು. "ಅಣ್ಣಾ, ಮನಿ ನೆಟ್ಟಗಾತು ನೋಡ್ರಿ. ಹಳದಿ ಯಾಕೆ ಈ ಕಡೆ ಬಂತು? ನಮ್ಮಜ್ಜನ ಕಣ್ಣೇನು ತಿರುಗಿಲ್ಲಲ್ಲ?" ನಕ್ಕವರೇ ಬಗ್ಗಿ ನೋಡಿದರು. "ಹೌದಲ್ಲೋ, ಐತಿ ನೋಡು" ಎಂದರು ಒಬ್ಬರು. ಹುಡುಗ ಮಾಲೀಕರನ್ನು ಕರೆದ.

ಮಾಲೀಕರು ಜಗಳಗಂಟರಲ್ಲ. "ಹೊಸ ಮಾಲು ಸರ್, ಒಳಗಿನ ಅಂಟು ಇನ್ನೂ ಹಸಿ ಇರ್ತೈತಿ. ಎಂಟು ದಿನ ಬಿಟ್ಟು ನೋಡ್ರಿ, ತಾನೇ ಹೋಗ್ತೈತಿ" ಎಂದರು. ಹಾಗೆ ಹೇಳುವವರು ಬಹಳ ಜನ ಇದ್ದಾರೆ. ಕಾದು ನೋಡಲು ನನ್ನದೇನೂ ಅಡ್ಡಿಯಿರಲಿಲ್ಲ. ಆದರೆ ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ ಬೇರೊಂದು ಲೆಕ್ಕ ಅಚ್ಚಾಗಿತ್ತು. ಬದಲಿ ಮಾಲು ಬೇಕಾದರೆ ಏಳು ದಿನದೊಳಗೆ ಕೇಳಬೇಕು! ಅವತ್ತು ಐದನೆಯ ದಿನ. ಎಂಟು ದಿನ ಕಾದು ಬಂದರೆ ಹದಿಮೂರನೆಯ ದಿನ.

"ಕಾಯ್ತೀನ್ರಿ. ಇವತ್ತು ದೂರು ತಂದಿದ್ದರು, ಎಂಟು ದಿನ ಕಾಯಲು ನಾವೇ ಹೇಳಿದೆವು, ಹೋಗದಿದ್ದರೆ ಬದಲಿಸುತ್ತೇವೆ ಅಂತ ಇದೇ ಬಿಲ್ಲಿನ ಹಿಂದೆ ಬರೆದು, ತಾರೀಖು ಹಾಕಿ ಸಹಿ ಮಾಡ್ರಿ" ಎಂದೆ. ಅವರು ಕೊಂಚ ಯೋಚಿಸಿದರು. ಆಮೇಲೆ ಬರೆದು ಕೊಟ್ಟರು. ಬ್ಯಾಂಕಿನ ಕೌಂಟರಿನಲ್ಲಿ ಕೂತು ಕೂದಲು ಬೆಳ್ಳಗಾದವನು ನಾನು. ಬಾಯಿ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದಿರಬಹುದು, ಆದರೆ ತಾರೀಖಿಲ್ಲದ ಮಾತು ವೋಚರಿಲ್ಲದ ಜಮಾ ಇದ್ದ ಹಾಗೆ.

ಎಂಟು ದಿನವೂ ಸಂಜೆ ಏಳಕ್ಕೆ ಅದೇ ಮೇಜು, ಅದೇ ಬಿಳಿ ಹಾಳೆ, ಪರದೆಯ ಬೆಳಕೂ ಅಷ್ಟೇ. ಮೊಮ್ಮಗಳು ನನ್ನ ಫೋನಿನಲ್ಲಿ ಒಂದೊಂದು ಫೋಟೊ ತೆಗೆದು, ನೋಟ್‌ಬುಕ್ಕಿನಲ್ಲಿ ತಾರೀಖು ಬರೆದಳು. ಹಳದಿ ಅಳಿಯಲಿಲ್ಲ, ಜರುಗಲೂ ಇಲ್ಲ.

ಮತ್ತೆ ಹೋದಾಗ ಮಾಲೀಕರು, "ಕಂಪನಿಯವರು ಒಪ್ಪಬೇಕಲ್ಲ ಸರ್, ಸರ್ವಿಸ್ ಸೆಂಟರಿಗೆ ಒಯ್ರಿ" ಎಂದು ರಾಗ ಎಳೆದರು. ಅವರದೇ ಸಹಿಯನ್ನು ಮುಂದಿಟ್ಟೆ. ಸಾಲದ್ದಕ್ಕೆ, ಗ್ರಾಹಕರ ಕಾನೂನು ಏನು ಹೇಳುತ್ತದೆಂದು ಶಾಂತವಾಗಿ ತಿಳಿಸಿದೆ. ಅದು ಎಲ್ಲರಿಗೂ ಉಪಯೋಗಕ್ಕೆ ಬರುವಂಥದು. 1986ರ ಹಳೆಯ ಕಾಯ್ದೆಯ ಜಾಗದಲ್ಲಿ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಮಾಲಿನ ಗುಣಮಟ್ಟದಲ್ಲಿ ಕೊರತೆಯಿದ್ದರೂ ಅದರ ಪ್ರಕಾರ ದೋಷವೇ, ಪೂರ್ತಿ ಕೆಟ್ಟು ನಿಲ್ಲಬೇಕಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಅಂಗಡಿ ಎಲ್ಲೇ ಇರಲಿ, ನಾವು ವಾಸವಿರುವ ಕಡೆಯ ಆಯೋಗಕ್ಕೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿವರೆಗಿದ್ದರೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಕೊಡಬೇಕು.

ಅಷ್ಟು ದೂರ ಹೋಗಬೇಕಾಗಲಿಲ್ಲ. ಮಾಲೀಕರು ಅಲ್ಲೇ ಫೋನ್ ಮಾಡಿದರು, ನಾಲ್ಕು ದಿನಕ್ಕೆ ಬೇರೆ ಟ್ಯಾಬ್ ಬಂತು. ಈ ಸಲ ಅಂಗಡಿಯಲ್ಲೇ ಬಿಳಿ ಹಾಳೆ ತೆರೆದು, ತಿರುಗಿಸಿ ನೋಡಿ ತಂದೆವು. ತೋರಿಸಿದವನು ಅದೇ ಹುಡುಗ. ಹೇಳಿಸಿಕೊಳ್ಳದೆ ತಾನೇ ತಿರುಗಿಸಿದ.

ಮನೆಗೆ ಬಂದ ಮೇಲೆ ಮೊಮ್ಮಗಳು ದೀಪ ಆರಿಸಿ, ಬೂದು ಹಾಳೆ ತೆರೆದು, ಬೆಳಕು ಪೂರ್ತಿ ಏರಿಸಿ ಹುಡುಕಿದಳು. ಕೆಳಗಿನ ಮೂಲೆಯಲ್ಲಿ ಉಗುರಿನಷ್ಟು ಮಸುಕು ಸಿಕ್ಕಿತು. "ಇದನ್ನೂ ವಾಪಸ್ ಕೊಡಾಣ ಅಜ್ಜಾ?" ಎಂದಳು. ದೀಪ ಹಾಕಿ, ಅವಳ ಪಾಠದ ಪುಟ ತೆರೆದು, ಈಗ ತೋರಿಸು ಎಂದೆ. ಅವಳಿಗೂ ಸಿಗಲಿಲ್ಲ. ಅಂಚಿನ ದೀಪದ ಬೆಳಕನ್ನು ಇಷ್ಟಗಲ ಹರಡುವ ಯಾವ ಪರದೆಯೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬರುವುದು ಕಷ್ಟ. ನಾವು ಹುಡುಕಿಕೊಂಡು ಹೋದರೆ ಮಾತ್ರ ಸಿಗುವ ದೋಷವನ್ನು ಬಿಟ್ಟುಬಿಡಬಹುದು. ಓದುವಾಗ ಬರೆಯುವಾಗ ತಾನಾಗಿ ಬಂದು ಕಣ್ಣಿಗೆ ಚುಚ್ಚುವ ದೋಷವನ್ನು ಮಾತ್ರ ನಾಚಿಕೆ ಬಿಟ್ಟು ಕೇಳಲೇಬೇಕು, ಅದೂ ಬಿಲ್ಲಿನ ಹಿಂದಿನ ದಿನಗಳು ಮುಗಿಯುವ ಮೊದಲು.