ನಾನಂತೂ ಹಾಕಿಲ್ಲ

ಪಟಾಕಿಯ ಹೊಗೆ ಇನ್ನೂ ಇಳಿದಿರಲಿಲ್ಲ. ಮೂರನೇ ಮಾಳಿಗೆಯ ಕಾಕಾ ಲಿಫ್ಟಿನ ಬಾಗಿಲಲ್ಲಿ ನಿಂತು, ಕೈಲಿದ್ದ ಹಾಲಿನ ಪಾಕೀಟನ್ನು ಅಲ್ಲಾಡಿಸುತ್ತ, ಹೋಗಿಬರುವವರನ್ನೆಲ್ಲ ತಡೆದು ಕೇಳುತ್ತಿದ್ದರು: “ಇವರಿಗೆ ಓಟು ಹಾಕಿದ್ದಾದರೂ ಯಾರು?”

2024ರ ನವೆಂಬರ್ 23, ಶನಿವಾರ. ಮುಂಬಯಿಯ ನಮ್ಮ ವಡಾಲ ವಿಧಾನಸಭಾ ಕ್ಷೇತ್ರದಲ್ಲಿ ಕಾಳಿದಾಸ್ ಕೋಳಂಬಕರ್ ಮತ್ತೆ ಗೆದ್ದಿದ್ದರು. ‘ಮತ್ತೆ’ ಅಂದರೆ ಎರಡನೆಯದೋ ಮೂರನೆಯದೋ ಸಲವಲ್ಲ, ಒಂಬತ್ತನೆಯ ಸಲ. ಅಂತರ ಸುಮಾರು 25 ಸಾವಿರ.

“ನಾನಂತೂ ಹಾಕಿಲ್ಲ” ಎಂದರು ಸೊಸೈಟಿಯ ಸೆಕ್ರೆಟರಿ. ಎರಡನೇ ಮಾಳಿಗೆಯ ಗುಜರಾತಿ ಬೆಹೆನ್ ಕೂಡ “ನಾನಂತೂ ಇಲ್ಲಪ್ಪ” ಎಂದರು. ಕೆಳಗಿನ ಹೋಟೆಲಿನ ನಮ್ಮೂರ ಶೆಟ್ಟರು ಗಲ್ಲೆಯಲ್ಲಿ ಚಿಲ್ಲರೆ ಎಣಿಸುತ್ತಲೇ ತಲೆಯಾಡಿಸಿದರು. ವಾಚ್‌ಮನ್ ಕೂಡ ತಾನು ಹಾಕಿಲ್ಲವೆಂದ. ಅವನ ಓಟು ಜೌನ್‌ಪುರದಲ್ಲಿರುವುದರಿಂದ ಅವನ ಮಾತೊಂದನ್ನು ನಂಬಬಹುದಿತ್ತು. ಕಾಕಾ ನನ್ನ ಕಡೆ ತಿರುಗುವಷ್ಟರಲ್ಲಿ ನಾನು ಮೆಟ್ಟಿಲು ಹತ್ತಿಬಿಟ್ಟೆ. ಮೊಣಕಾಲು ನೋಯುವ ಮನುಷ್ಯ ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದನೆಂದರೆ ಅವನು ಏನೋ ಮುಚ್ಚಿಡುತ್ತಿದ್ದಾನೆ ಎಂದು ಕಾಕಾಗೆ ಅನ್ನಿಸಿದ್ದರೆ ತಪ್ಪಲ್ಲ.

ನನ್ನ ತಲೆ ಕೊರೆದದ್ದು ಫಲಿತಾಂಶವಲ್ಲ, ಈ ಲೆಕ್ಕ. ಒಂದು ಕಟ್ಟಡದಲ್ಲಿ ಒಬ್ಬರೂ ಓಟು ಹಾಕಿಲ್ಲ, ಪಕ್ಕದ ಕಟ್ಟಡದಲ್ಲೂ ಇಲ್ಲ, ಆಚೆ ಬೀದಿಯಲ್ಲೂ ಇಲ್ಲ. ಆದರೂ ಇಪ್ಪತ್ತೈದು ಸಾವಿರದ ಅಂತರ! ವಾಚ್‌ಮನ್ ಒಬ್ಬನನ್ನು ಬಿಟ್ಟರೆ ಎಲ್ಲರ ಎಡಗೈ ತೋರುಬೆರಳಿನಲ್ಲೂ ಶಾಯಿಯ ಗೆರೆಯಂತೂ ಇತ್ತು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಪೇಂಟ್ಸ್ ಆಂಡ್ ವಾರ್ನಿಷ್ ಕಾರ್ಖಾನೆಯಲ್ಲಿ. 1962ರ ಚುನಾವಣೆಯಿಂದಲೂ ದೇಶಕ್ಕೆಲ್ಲ ಅಲ್ಲಿಂದಲೇ ಸರಬರಾಜು. ಮುಂಬಯಿಯ ಮತಗಟ್ಟೆಯಲ್ಲಿ ಕನ್ನಡದ್ದೆಂದು ಹೆಮ್ಮೆಪಡುವ ವಸ್ತು ಅದೊಂದೇ. ಓಟು ಹಾಕಿದ್ದೀರಿ ಎಂದು ಅದು ಹೇಳುತ್ತದೆ, ಯಾರಿಗೆಂದು ಬಾಯಿ ಬಿಡುವುದಿಲ್ಲ. ಮೈಸೂರಿನ ಸಭ್ಯತೆ.

ಕೋಳಂಬಕರ್ ಅವರ ಮೇಲೆ ನಮ್ಮ ಕಾಕಾನ ತಕರಾರು ಪಕ್ಷಾಂತರದ್ದು. 1990ರಲ್ಲಿ ಶಿವಸೇನೆಯಿಂದ ನಾಯ್ಗಾಂವ್ ಕ್ಷೇತ್ರದಲ್ಲಿ ಗೆದ್ದವರು 2004ರವರೆಗೂ ಅದೇ ಪಕ್ಷದಲ್ಲಿ ಗೆಲ್ಲುತ್ತ ಬಂದರು. ನಾರಾಯಣ ರಾಣೆ ಸೇನೆ ಬಿಟ್ಟಾಗ ಅವರ ಬೆನ್ನಿಗೆ ಕಾಂಗ್ರೆಸ್ಸಿಗೆ ಬಂದು ಉಪಚುನಾವಣೆಯಲ್ಲಿ ಗೆದ್ದರು. ಕ್ಷೇತ್ರ ಪುನರ್ವಿಂಗಡಣೆಯಾಗಿ ವಡಾಲ ಬಂದ ಮೇಲೆ 2009 ಮತ್ತು 2014ರಲ್ಲಿ ಕಾಂಗ್ರೆಸ್ಸಿನಿಂದ, 2019 ಮತ್ತು 2024ರಲ್ಲಿ ಭಾಜಪದಿಂದ ಗೆಲುವು. 2014ರಲ್ಲಿ ದೇಶವೆಲ್ಲ ಮೋದಿ ಗಾಳಿಯಲ್ಲಿ ಹಾರುತ್ತಿದ್ದಾಗ ಭಾಜಪದ ಮಿಹಿರ್ ಕೋಟೇಚಾ ಅವರನ್ನು ಇವರು ಬರೀ 800 ಮತಗಳಿಂದ ಸೋಲಿಸಿದ್ದರು. ಐದು ವರ್ಷ ಕಳೆಯುವಷ್ಟರಲ್ಲಿ ಗೆದ್ದವರೂ ಸೋತವರೂ ಒಂದೇ ಪಕ್ಷದಲ್ಲಿ! ಕೋಟೇಚಾ ಮುಲುಂಡಿಗೆ ಹೋಗಿ ಶಾಸಕರಾದರು. ಇಬ್ಬರೂ ಸುಖವಾಗಿದ್ದಾರೆ. 2014ರಲ್ಲಿ ಇವರಿಬ್ಬರ ಸಲುವಾಗಿ ಗಟಾರದ ಕಟ್ಟೆಯ ಮೇಲೆ ಕೂತು ಜಗಳ ಆಡಿ ಮಾತು ಬಿಟ್ಟ ನಮ್ಮ ಓಣಿಯ ಇಬ್ಬರು ಮಾತ್ರ ಈಗಲೂ ಒಬ್ಬರನ್ನೊಬ್ಬರು ಕಂಡರೆ ಮೊಬೈಲು ನೋಡುತ್ತಾರೆ.

ಡಿಸೆಂಬರಿನಲ್ಲಿ ಇನ್ನೊಂದು ತಮಾಷೆ. ಹಂಗಾಮಿ ಸಭಾಧ್ಯಕ್ಷರಾಗಿ ಹೊಸ ಶಾಸಕರಿಗೆಲ್ಲ ಪ್ರಮಾಣವಚನ ಬೋಧಿಸಲು ಕೂತವರು ಇದೇ ಕೋಳಂಬಕರ್. ಮತಯಂತ್ರದ ಮೇಲೆ ನಂಬಿಕೆಯಿಲ್ಲ ಎಂದು ವಿರೋಧ ಪಕ್ಷದವರು ಮೊದಲ ದಿನ ಪ್ರಮಾಣ ಸ್ವೀಕರಿಸದೆ ಹೊರನಡೆದರು, ಮರುದಿನ ಬಂದು ಸ್ವೀಕರಿಸಿದರು. ಅದೇ ವಾರ ಸೊಲ್ಲಾಪುರ ಜಿಲ್ಲೆಯ ಮಾರ್ಕಡವಾಡಿ ಎಂಬ ಹಳ್ಳಿಯವರು, ನಮ್ಮೂರಿನ ಓಟುಗಳು ಹೀಗೆ ಬೀಳಲು ಸಾಧ್ಯವೇ ಇಲ್ಲ, ಕಾಗದದ ಮೇಲೆ ನಾವೇ ಇನ್ನೊಮ್ಮೆ ಓಟು ಹಾಕಿ ನೋಡುತ್ತೇವೆ ಎಂದು ಹೊರಟಿದ್ದರು. ಪೊಲೀಸರು ತಡೆದರು. ಆ ಕ್ಷೇತ್ರದಲ್ಲಿ ಊರವರು ಬಯಸಿದವರೇ ಗೆದ್ದಿದ್ದರೆಂಬುದು ಬೇರೆ ಮಾತು. ಅವರ ಸಂಕಟ ಅದಲ್ಲ. ನಮ್ಮ ಕಾಕಾ ಲಿಫ್ಟಿನ ಮುಂದೆ ಕೇಳಿದ್ದನ್ನೇ ಅಲ್ಲಿ ಒಂದಿಡೀ ಊರು ಕೇಳುತ್ತಿತ್ತು: ನಮ್ಮ ನಡುವೆ ಇದ್ದುಕೊಂಡು ಅವರಿಗೆ ಹಾಕಿದ್ದು ಯಾರು?

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಕೇಳುವ ಮೊದಲೇ ಉತ್ತರ ಬರುತ್ತಿತ್ತು, ಅದೂ ಪಕ್ಕದ ಮನೆಗೆ ಕೇಳುವ ಹಾಗೆ.

ಅಪ್ಪ ಬಾಂಬೆ ಪೋರ್ಟ್ ಟ್ರಸ್ಟಿನಲ್ಲಿ ಟ್ಯಾಲಿ ಗುಮಾಸ್ತ. ಮನೆ ವಡಾಲದ ಪೋರ್ಟ್ ಟ್ರಸ್ಟ್ ಕಾಲೊನಿಯಲ್ಲಿ. ಅವರಿಗೆ ದೇವರು ಇಬ್ಬರು: ಊರಿನಲ್ಲಿ ನಾಗ, ಮುಂಬಯಿಯಲ್ಲಿ ಜಾರ್ಜ್ ಫರ್ನಾಂಡಿಸ್. ಮಂಗಳೂರಿನಿಂದ ಬರಿಗೈಯಲ್ಲಿ ಬಂದು ಫುಟ್‌ಪಾತಿನಲ್ಲಿ ಮಲಗಿ, ಪ್ಲಾಸಿಡ್ ಡಿಮೆಲ್ಲೊ ಅವರ ಕೈಕೆಳಗೆ ಗೋದಿಯ, ಅಂದರೆ ಹಡಗುಕಟ್ಟೆಯ, ಕಾರ್ಮಿಕರ ನಡುವೆ ಕೆಲಸ ಕಲಿತು, ಟ್ಯಾಕ್ಸಿಯವರನ್ನೂ ಮುನಿಸಿಪಾಲಿಟಿಯವರನ್ನೂ ಕಟ್ಟಿದ ಜಾರ್ಜ್. 1967ರಲ್ಲಿ ದಕ್ಷಿಣ ಮುಂಬಯಿಯ ದೊರೆಯೆನಿಸಿಕೊಂಡಿದ್ದ ಎಸ್. ಕೆ. ಪಾಟೀಲರನ್ನು ಕೆಡವಿದ ಜಾರ್ಜ್. 1974ರ ಮೇ ತಿಂಗಳಲ್ಲಿ ಇಡೀ ದೇಶದ ರೈಲು ನಿಲ್ಲಿಸಿದ ಜಾರ್ಜ್. ಕೈಕೋಳ ತೊಟ್ಟ ಕೈಯನ್ನು ಮೇಲೆತ್ತಿ ನಿಂತ ಅವರ ಫೋಟೊವನ್ನು ಅಪ್ಪ ಪತ್ರಿಕೆಯಿಂದ ಕತ್ತರಿಸಿ, ಅನ್ನದ ಗಂಜಿಯಲ್ಲಿ, ಕಬ್ಬಿಣದ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದ್ದರು. ಅಂಗಿ ತೆಗೆಯಲು ಕಪಾಟು ತೆರೆದಾಗಲೆಲ್ಲ ಜಾರ್ಜ್ ಕೈ ಎತ್ತುತ್ತಿದ್ದರು. ಜೈಲಿನಿಂದಲೇ ಮುಜಫ್ಫರಪುರದಲ್ಲಿ ಗೆದ್ದು 1977ರಲ್ಲಿ ಮಂತ್ರಿಯಾದಾಗ ಅಪ್ಪ ಕಾಲೊನಿಗೆಲ್ಲ ಪೇಡ ಹಂಚಿದರು. ಅಮ್ಮನ ಚೀಟಿ ಹಣದಲ್ಲಿ.

ಮರುವರ್ಷವೇ ಚಿಕ್ಕಮಗಳೂರು. ಸೋತು ಕೂತಿದ್ದ ಇಂದಿರಾ ಗಾಂಧಿಯವರಿಗೆ ಡಿ. ಬಿ. ಚಂದ್ರೇಗೌಡರು ತಮ್ಮ ಲೋಕಸಭಾ ಸ್ಥಾನ ಬಿಟ್ಟುಕೊಟ್ಟರು. ಮುಖ್ಯಮಂತ್ರಿ ದೇವರಾಜ ಅರಸು ಬೆಂಬಲಕ್ಕೆ ನಿಂತರು. ಜನತಾ ಪಕ್ಷದವರು ಎದುರಾಳಿಯಾಗಿ ರಾಜ್‌ಕುಮಾರ್ ಅವರನ್ನು ನಿಲ್ಲಿಸಲು ನೋಡಿದರು, ಅಣ್ಣಾವ್ರು ಯಾರ ಕೈಗೂ ಸಿಗಲಿಲ್ಲ. ಕೊನೆಗೆ ವೀರೇಂದ್ರ ಪಾಟೀಲರು ನಿಂತರು. ಅವರ ಪರವಾಗಿ ಕಾಫಿತೋಟಗಳ ನಡುವೆ ಠಿಕಾಣಿ ಹೂಡಿದವರು ಅಪ್ಪನ ಜಾರ್ಜ್.

ಘಟ್ಟದ ಕೆಳಗಿನ ಕಾರ್ಕಳ, ಬೆಳ್ತಂಗಡಿಯೂ ಆಗ ಅದೇ ಕ್ಷೇತ್ರದಲ್ಲಿದ್ದವು. ಅಮ್ಮನ ಅಣ್ಣ, ನನ್ನ ಮಾವ, ಕಾರ್ಕಳ ತಾಲೂಕಿನ ಗೇಣಿ ಒಕ್ಕಲು. ನವೆಂಬರಿನಲ್ಲಿ ಓಟು ಮುಗಿಸಿ, ಫಲಿತಾಂಶ ಬಂದ ವಾರದಲ್ಲೇ, ಕಣ್ಣಿನ ಡಾಕ್ಟರರಿಗೆ ತೋರಿಸುವುದಕ್ಕೆಂದು ಮುಂಬಯಿ ಬಸ್ಸು ಹತ್ತಿದರು. ಒಂದು ಕೈಯಲ್ಲಿ ಕುಚ್ಚಲಕ್ಕಿಯ ಗೋಣಿ, ಇನ್ನೊಂದರಲ್ಲಿ ಹಲಸಿನ ಹಪ್ಪಳದ ಡಬ್ಬಿ, ಬಗಲಲ್ಲಿ ಒಂದು ರೆಕ್ಸಿನ್ ಚೀಲ. ಇಂದಿರಾ 77 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದಿದ್ದರು. ಅಪ್ಪ ಎರಡು ದಿನದಿಂದ ಗಡ್ಡ ಬೋಳಿಸಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ, ಬಾಯಿಗೆ ತುತ್ತಿಡುವ ಮೊದಲೇ ಕೇಳಿದರು: “ಭಾವ, ಆ ಹೆಂಗಸಿಗೆ ಓಟು ಹಾಕಿದವರು ಯಾರು?”

ಮಾವ ಬಂಗುಡೆಯ ಮುಳ್ಳು ಬಿಡಿಸುತ್ತಾ ಅಂದರು, “ನಾನು.”

ಜಗಳ ತುಳುವಿನಲ್ಲಿ ಶುರುವಾಯಿತು. ಅಪ್ಪನಿಗೆ ಸಿಟ್ಟೇರಿದರೆ ಹಿಂದಿ ಬರುತ್ತಿತ್ತು, ಗೋದಿಯ ಹಿಂದಿ. ಆ ರಾತ್ರಿ ಸಾರು ಬಡಿಸುವಷ್ಟರಲ್ಲಿ ಹಿಂದಿ ಬಂತು. ಎಮರ್ಜೆನ್ಸಿ ಮರೆತುಬಿಟ್ಟೆಯಾ, ಜಾರ್ಜನ ತಮ್ಮ ಲಾರೆನ್ಸನನ್ನು ಬೆಂಗಳೂರಿನಲ್ಲಿ ಪೊಲೀಸರು ಏನು ಮಾಡಿದರು ಗೊತ್ತಾ, ಸ್ನೇಹಲತಾ ರೆಡ್ಡಿ ಹೇಗೆ ಸತ್ತಳು ಗೊತ್ತಾ ಎಂದು ಅಪ್ಪ ಕೇಳುತ್ತಿದ್ದರು. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿಯಾಗಿದ್ದ ಹೆಣ್ಣುಮಗಳು. ಆಸ್ತಮಾ ಇದ್ದವಳನ್ನು ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟು, ಇನ್ನು ಉಳಿಯುವುದಿಲ್ಲ ಎಂದಾಗ ಬಿಟ್ಟರು. 1977ರ ಜನವರಿಯಲ್ಲಿ ತೀರಿಕೊಂಡಳು. ಅದನ್ನು ಹೇಳುವಾಗ ಅಪ್ಪನ ಗಂಟಲು ಕಟ್ಟಿತು. ಅಪ್ಪ ಅಳುವಂತಾದದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ಹನ್ನೆರಡು ವರ್ಷ.

ಮಾವ ಎದ್ದು ಕೈ ತೊಳೆದರು. ಬೈರಾಸಿನಲ್ಲಿ ಬೆರಳು ಬೆರಳನ್ನೂ ಒರೆಸಿಕೊಂಡರು. ಆಮೇಲೆ ರೆಕ್ಸಿನ್ ಚೀಲ ತೆರೆದು, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಒಂದು ಕಾಗದವನ್ನು ಹೊರತೆಗೆದು ಅಪ್ಪನ ಬಟ್ಟಲಿನ ಪಕ್ಕ ಇಟ್ಟರು. ಭೂನ್ಯಾಯ ಮಂಡಳಿಯ ಆದೇಶ. ಏಳನೇ ನಂಬರಿನ ಫಾರ್ಮು ತುಂಬಿ, ಧಣಿಯ ಎದುರು ಮಂಡಳಿಯಲ್ಲಿ ನಿಂತು, ಗೇಣಿಗೆ ಮಾಡುತ್ತಿದ್ದ ಗದ್ದೆ ಸ್ವಂತದ್ದಾಯಿತೆಂಬ ಕಾಗದ. ಊರಲ್ಲಿ ಬಿಟ್ಟುಬರುವ ಧೈರ್ಯವಾಗದೆ ಮುಂಬಯಿಗೇ ಹೊತ್ತುತಂದಿದ್ದರು.

“ಭಾವ, ಇದು ಬಂದದ್ದು ನಿಮ್ಮ ಎಮರ್ಜೆನ್ಸಿಯಲ್ಲೇ.”

“ಅದು ಅರಸು ಕೊಟ್ಟದ್ದು, ಇಂದಿರಾ ಅಲ್ಲ.”

“ಅರಸರನ್ನು ಕೊಟ್ಟದ್ದು ಯಾರು?”

ಅಪ್ಪನ ಬಳಿ ಇದಕ್ಕೆ ಉತ್ತರವಿರಲಿಲ್ಲ. ಮಾವನ ಬಳಿಯೂ ಸ್ನೇಹಲತಾ ರೆಡ್ಡಿಗೆ ಉತ್ತರವಿರಲಿಲ್ಲ, ಅದು ನನಗೆ ಹೊಳೆದದ್ದು ಎಷ್ಟೋ ವರ್ಷದ ಮೇಲೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ಮಾವ ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಗೆದ್ದವರ ಬಾಯಿ ಸುಮ್ಮನಿರುತ್ತದೆಯೇ? “ನಿಮ್ಮವರು ಪೋಸ್ಟರಿನಲ್ಲಿ ಇಂದಿರಮ್ಮನನ್ನು ಹೆಡೆ ಎತ್ತಿದ ನಾಗರಹಾವು ಅಂತ ತೋರಿಸಿದರಲ್ಲ, ಭಾವ. ನಮ್ಮ ಕಡೆಯವರು ನಾಗನನ್ನು ಕಂಡರೆ ದೊಣ್ಣೆ ಹುಡುಕುತ್ತಾರಾ, ಹಾಲು ಹುಡುಕುತ್ತಾರಾ? ಅಷ್ಟೂ ಗೊತ್ತಿಲ್ಲದವನು ಎಂಥ ಮಂಗಳೂರಿನವನು?”

ನಾಗನನ್ನೂ ಜಾರ್ಜನನ್ನೂ ಒಟ್ಟಿಗೆ ಪೂಜಿಸುವ ಮನುಷ್ಯನಿಗೆ ಈ ಮಾತು ಎಲ್ಲಿ ತಾಗಿತೆಂದು ಬೇರೆ ಹೇಳಬೇಕಿಲ್ಲ. ಮರುದಿನ ಬೆಳಿಗ್ಗೆ ಮಾವ ಕಣ್ಣು ತೋರಿಸದೆಯೇ ಊರ ಬಸ್ಸು ಹತ್ತಿದರು. ಹನ್ನೊಂದು ವರ್ಷ ಮಾತಿಲ್ಲ. ಹಪ್ಪಳ ಮಾತ್ರ ವರ್ಷವರ್ಷವೂ ಯಾರದೋ ಕೈಯಲ್ಲಿ ಬರುತ್ತಿತ್ತು, ಅಪ್ಪ ಯಾರ ಮನೆಯದೆಂದು ಕೇಳದೆ ತಿನ್ನುತ್ತಿದ್ದರು.

ಆ ಹನ್ನೊಂದು ವರ್ಷದಲ್ಲಿ ದೊಡ್ಡವರೆಲ್ಲ ಏನು ಮಾಡಿದರು ನೋಡಿ. 1979ರ ಜುಲೈನಲ್ಲಿ ಜಾರ್ಜ್ ಲೋಕಸಭೆಯಲ್ಲಿ ಮೊರಾರ್ಜಿ ಸರ್ಕಾರವನ್ನು ಎದ್ದು ನಿಂತು ಸಮರ್ಥಿಸಿ, ಕೆಲವೇ ದಿನಗಳಲ್ಲಿ ಚರಣ್ ಸಿಂಗ್ ಕಡೆ ಹೋದರು. ಅದೇ ವರ್ಷ ಅರಸರಿಗೂ ಇಂದಿರಾಗೂ ಮುರಿದುಬಿತ್ತು. ಇಂದಿರಾ ವಿರುದ್ಧ ನಿಂತು ಸೋತ ವೀರೇಂದ್ರ ಪಾಟೀಲರು 1980ರಲ್ಲಿ ಇಂದಿರಾ ಪಕ್ಷದಿಂದಲೇ ಬಾಗಲಕೋಟೆಯಲ್ಲಿ ಗೆದ್ದು ಅವರ ಸಂಪುಟ ಸೇರಿದರು. ಸ್ಥಾನ ಬಿಟ್ಟುಕೊಟ್ಟ ಚಂದ್ರೇಗೌಡರು ರಾಜ್ಯದಲ್ಲಿ ಜನತಾ ಸರ್ಕಾರ ಬಂದಾಗ ವಿಧಾನಸಭೆಯ ಸಭಾಧ್ಯಕ್ಷರಾದರು. 2009ರಲ್ಲಿ ಭಾಜಪದಿಂದ ಬೆಂಗಳೂರು ಉತ್ತರದ ಸಂಸದರೂ ಆದರು. ಕೋಳಂಬಕರ್ ಒಬ್ಬರನ್ನೇ ಬಯ್ಯುವ ನಮ್ಮ ಕಾಕಾಗೆ ಈ ಪಟ್ಟಿಯನ್ನು ಒಮ್ಮೆ ಓದಿ ಹೇಳಬೇಕು. ಯಕ್ಷಗಾನದಲ್ಲಿ ವೇಷ ಬದಲಿಸಲು ಚೌಕಿಗಾದರೂ ಹೋಗಬೇಕು, ಇವರು ರಂಗಸ್ಥಳದಲ್ಲೇ ಬದಲಿಸಿದರು.

ಜಾರ್ಜ್ ಬದಿ ಬದಲಿಸಿದ ವಾರ ಅಪ್ಪ ಫೋಟೊವನ್ನು ಕೀಳಲಿಲ್ಲ. ಅದರ ಮೇಲೆ ಗಣಪತಿಯ ಕ್ಯಾಲೆಂಡರ್ ಸಿಕ್ಕಿಸಿದರು. ಪ್ರತಿ ಜನವರಿ ಒಂದರಂದು ಹಳೆಯ ಕ್ಯಾಲೆಂಡರ್ ತೆಗೆದು ಹೊಸದು ಸಿಕ್ಕಿಸುವ ನಡುವೆ, ಒಂದರ್ಧ ನಿಮಿಷ, ಜಾರ್ಜ್ ಕೈ ಎತ್ತುತ್ತಿದ್ದರು. ಆ ಅರ್ಧ ನಿಮಿಷ ಅಪ್ಪ ಮೊಳೆ ಸರಿಯಿಲ್ಲ ಎಂದು ಏನೋ ಕುಟ್ಟುತ್ತ ನಿಲ್ಲುತ್ತಿದ್ದರು. 2019ರ ಜನವರಿಯಲ್ಲಿ ಜಾರ್ಜ್ ಹೋದರು. ಅಪ್ಪ ಅದಕ್ಕೂ ಮೊದಲೇ ಹೋಗಿದ್ದರು, ಕಪಾಟು ಅದಕ್ಕೂ ಮೊದಲು ಗುಜರಿಗೆ.

1989ರ ಕೊನೆಗೆ ವೀರೇಂದ್ರ ಪಾಟೀಲರು ಕಾಂಗ್ರೆಸ್ಸಿನ ಮುಖ್ಯಮಂತ್ರಿಯಾದಾಗ ಮಾವನಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಅಷ್ಟಗಲದ ನೀಲಿ ಕಾಗದದಲ್ಲಿ ಒಂದೇ ಸಾಲು: “ಭಾವ, ಕೊನೆಗೂ ನಿಮ್ಮ ಅಭ್ಯರ್ಥಿಗೇ ಓಟು ಹಾಕಿದೆ.” ಅಪ್ಪ ಅದನ್ನು ಅಮ್ಮನಿಗೆ ಎರಡು ಸಲ ಓದಿ ಹೇಳಿ, ಬಿದ್ದು ಬಿದ್ದು ನಕ್ಕು, ಸಂಜೆ ಪೇಡ ತಂದರು. ಈ ಸಲ ಸ್ವಂತ ದುಡ್ಡಿನಲ್ಲಿ.

ಮಾವನಂಥವರು ಈಗ ನಮ್ಮ ಲಿಫ್ಟಿನಲ್ಲಿ ಸಿಗುವುದಿಲ್ಲ ಎಂಬುದೇ ನನಗೆ ಬೇಜಾರು. ಹಾಕಿದೆ, ಇಗೋ ಕಾರಣ ಎಂದು ಬಟ್ಟಲಿನ ಪಕ್ಕ ಕಾಗದ ಇಡುವವನ ಜೊತೆ ಜಗಳ ಆಡಬಹುದು. ಎಲ್ಲರೂ ‘ನಾನಂತೂ ಹಾಕಿಲ್ಲ’ ಎಂದರೆ ಯಾರ ಜೊತೆ ಆಡುವುದು, ಮತಯಂತ್ರದ ಜೊತೆಯೇ?

ಹೀಗೆಂದು ಕೊರಗುತ್ತ ಕೂತಿದ್ದ ದಿನ ನಮ್ಮ ಮನೆಗೆ ಅಡುಗೆಗೆ ಬರುವ ಮಾವಶಿಯನ್ನು ಕೇಳಿದೆ. ಅವರದು ನಾಯ್ಗಾಂವಿನ ಬಿಡಿಡಿ ಚಾಳು, ಬ್ರಿಟಿಷರ ಕಾಲದ ಕಟ್ಟಡ, 160 ಚದರಡಿಯ ಖೋಲಿ, ಮಾಳಿಗೆಗೆಲ್ಲ ಸೇರಿ ಒಂದೇ ಸಾಲು ಸಂಡಾಸು. ಅದನ್ನು ಕೆಡವಿ 500 ಚದರಡಿಯ ಮನೆ ಕಟ್ಟಿಕೊಡುವ ಯೋಜನೆ ನಡೆಯುತ್ತಿದೆ. ಮಾವಶಿ ಕಣಕ ನಾದುವುದನ್ನು ನಿಲ್ಲಿಸದೆಯೇ ಹೇಳಿದರು:

“ಮೀ ದಿಲಂ. ಮಗ್?”

ನಾನು ಕೊಟ್ಟೆ, ಏನೀಗ?

ಬೆಳಿಗ್ಗೆ ಹತ್ತಕ್ಕೆ ಶುರುವಾದ ಜಗಳ ಹನ್ನೊಂದೂವರೆಗೆ ಮುಗಿಯಿತು. ಅವತ್ತು ಬೇಳೆಗೆ ಉಪ್ಪು ಹಾಕಿರಲಿಲ್ಲ.