ಗಾಡಿ ಯಾರ ಹೆಸರಿಗೆ?

ನಮ್ಮ ಘೋಣಸಗಿ ಕಡೆ ಬೈಕೂ ಗಾಡಿನೇ, ಕ್ರೂಸರೂ ಗಾಡಿನೇ, ಎತ್ತು ಹೂಡಿದ್ದಂತೂ ಮೊದಲಿನಿಂದಲೂ ಗಾಡಿ. ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಅನ್ನುವುದನ್ನು ದನಿಯಿಂದಲೇ ತಿಳಿದುಕೊಳ್ಳಬೇಕು. ಕಳೆದ ದೀಪಾವಳಿಯಿಂದ ನಮ್ಮ ಮನೆಯಲ್ಲಿ ಮಾತ್ರ ಆ ಗೊಂದಲ ಇಲ್ಲ. ಗಾಡಿ ಅಂದರೆ ಸಣ್ಣ ಗೂಡ್ಸ್ ಪಿಕಪ್, ಅದೂ ಹೊಸದು, ಶೋರೂಮಿನಿಂದ ಹೂವಿನ ಹಾರ ಹಾಕಿಸಿಕೊಂಡು ಬರುವಂಥದ್ದು.

2025ರ ಸೆಪ್ಟೆಂಬರ್ 22ಕ್ಕೆ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತಲ್ಲ, ಆವತ್ತೇ ತಮ್ಮ ಫೋನ್ ಮಾಡಿದ್ದ. ‘ಅಣ್ಣಾ, ಈಗ ತಗೊಳ್ಳಲಿಲ್ಲ ಅಂದ್ರ ಮತ್ತ ಎಂದೂ ತಗೊಳ್ಳೂದಿಲ್ಲ ನೋಡು.’ ಅವನಿಗೆ ಬೇಕಾದದ್ದು ಟಾಟಾ ಏಸ್. ಅಪ್ಪನಿಗೆ ಬೊಲೆರೊ ಪಿಕಪ್. ಅವ್ವ ಮಾತ್ರ ‘ಮೊದಲ ಮನೀ ಮಾಳಗಿ ಸೋರೂದು ನಿಂದ್ರಸ್ರಿ’ ಅಂತ ಹೇಳಿ ಎದ್ದು ಹೋದಳು. ನನಗೆ ಬೇಕಾಗಿದ್ದದ್ದು ಲೆಕ್ಕ. ಸಾಫ್ಟ್‌ವೇರಿನವನ ಕೈಗೆ ಮನೆಯ ಯಾವ ವಿಷಯ ಕೊಟ್ಟರೂ ಅವನು ಮೊದಲು ಎಕ್ಸೆಲ್ ತೆರೆಯುತ್ತಾನೆ. ನಿಮ್ಮಲ್ಲೂ ಬಹಳ ಜನ ಇದನ್ನೇ ಮಾಡುತ್ತೀರಿ ಅಂತ ನನಗೆ ಗೊತ್ತು.

ನಮ್ಮದು ನಾಲ್ಕು ಎಕರೆ ದ್ರಾಕ್ಷಿ. ಹಣ್ಣು ಮಾರುವುದಕ್ಕಿಂತ ಒಣಗಿಸಿ ಮನೂಕ ಮಾಡುವುದೇ ಹೆಚ್ಚು. ನಾಲ್ಕು ಕಿಲೋ ಹಸಿ ಹಣ್ಣಿಗೆ ಹೆಚ್ಚೂಕಡಿಮೆ ಒಂದು ಕಿಲೋ ಮನೂಕ. ಹೊಲದಿಂದ ಶೆಡ್ಡಿಗೆ ಕ್ರೇಟು, ಶೆಡ್ಡಿನಿಂದ ವಿಜಯಪುರದ ಕೋಲ್ಡ್ ಸ್ಟೋರೇಜಿಗೆ ಬಾಕ್ಸು, ದರ ಚಲೋ ಇದ್ದರೆ ಜತ್ತ ದಾಟಿ ತಾಸಗಾಂವ ಮಾರ್ಕೆಟ್ಟಿಗೆ. ಬರುವಾಗ ಗೊಬ್ಬರ, ಔಷಧಿ. ಇದಕ್ಕೆಲ್ಲ ಕಳೆದ ವರ್ಷ ಬಾಡಿಗೆ ಕೊಟ್ಟದ್ದು 86 ಸಾವಿರ. ಅಪ್ಪನ ಡೈರಿಯಲ್ಲಿ ಪ್ರತಿ ಟ್ರಿಪ್ಪೂ ಬರೆದಿದೆ, ಕೆಲವು ಕಡೆ ಡ್ರೈವರನಿಗೆ ಕೊಡಿಸಿದ ಚಹಾ ಸಮೇತ.

ಇನ್ನು ಸ್ವಂತದ ಲೆಕ್ಕ. ತಮ್ಮ ತಂದ ಕೊಟೇಷನ್ನಿನ ಪ್ರಕಾರ ಏಸ್ ರಸ್ತೆಗಿಳಿಯುವಾಗ ಐದು ಲಕ್ಷದ ಹತ್ತಿರ. ಒಂದು ಲಕ್ಷ ಮುಂಗಡ, ನಾಲ್ಕು ಲಕ್ಷ ಸಾಲ, ಶೇ. 12 ಬಡ್ಡಿ, ನಾಲ್ಕು ವರ್ಷ. ಕಂತು ತಿಂಗಳಿಗೆ ಹತ್ತೂವರೆ ಸಾವಿರ, ವರ್ಷಕ್ಕೆ 1.26 ಲಕ್ಷ. ಇನ್ಶೂರೆನ್ಸ್ ನೋಡಿ ನನಗೆ ಗಾಬರಿಯಾಯಿತು. ಬೆಂಗಳೂರಿನಲ್ಲಿರುವ ನನ್ನ ಕಾರಿಗೆ ಸರ್ಕಾರ 2022ರಲ್ಲಿ ಗೊತ್ತುಮಾಡಿದ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416 ರೂಪಾಯಿ. ಕಾರಿಗಿಂತ ಸಣ್ಣ ಇಂಜಿನ್ನಿನ ಈ ಗೂಡ್ಸ್ ಗಾಡಿಗೆ 16,049. ಗಾಡಿಗೆ ಆಗುವ ಹಾನಿಯ ವಿಮೆಯೂ ಸೇರಿದರೆ 22 ಸಾವಿರ. ಪೆಟ್ರೋಲು 40 ಸಾವಿರ, ಟೈರು ರಿಪೇರಿ 15 ಸಾವಿರ. ಒಟ್ಟು ಎರಡು ಲಕ್ಷ ಮೂರು ಸಾವಿರ. ಬಾಡಿಗೆಗಿಂತ 1,17,000 ಜಾಸ್ತಿ. ಪೆಟ್ರೋಲು ಕಳೆದು ದಿನಕ್ಕೆ ಸಾವಿರ ಉಳಿಯುತ್ತದೆ ಅಂದುಕೊಂಡರೂ ತಮ್ಮ ವರ್ಷಕ್ಕೆ 117 ದಿನ ಬೇರೆಯವರ ಸಾಮಾನು ಹೊರಬೇಕು. ಬೊಲೆರೊ ಅಂದರೆ ಬೆಲೆಯೇ ದುಪ್ಪಟ್ಟು, ಅದರ ಸಾಲನ್ನು ಶೀಟಿನಲ್ಲಿ ಅರ್ಧಕ್ಕೇ ಬಿಟ್ಟೆ.

ಅಪ್ಪ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದ. ‘ಇದರಾಗ ಮಳಿ ಎಲ್ಲಿ ಬರದೀ?’

ನಗರದಲ್ಲಿರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹಸಿ ಹಣ್ಣನ್ನು ಡಿಪ್ಪಿಂಗ್ ಆಯಿಲ್ಲಿನಲ್ಲಿ ಅದ್ದಿ, ರ‍್ಯಾಕಿನ ಜಾಳಿಗೆ ಮೇಲೆ ಹರವಿ, ಹದಿನೈದು ದಿನದ ಹತ್ತಿರ ನೆರಳಲ್ಲಿ ಒಣಗಿಸುತ್ತೇವೆ. ಫೆಬ್ರವರಿಯಿಂದ ಏಪ್ರಿಲ್ ತನಕ ತಿಕೋಟಾ, ಬಬಲೇಶ್ವರ ಭಾಗದ ಎಲ್ಲ ತೋಟಗಳದ್ದೂ ಒಂದೇ ಹೊತ್ತಿನ ಕೆಲಸ. ಆಗಲೇ ಅಕಾಲಿಕ ಮಳೆಯೂ ಬರುವುದು. ಮೋಡ ಕಟ್ಟಿತು ಅಂದರೆ ಇಡೀ ಸೀಮೆಯವರು ಅದೇ ಹತ್ತು ಡ್ರೈವರುಗಳಿಗೆ ಫೋನ್ ಹಚ್ಚುತ್ತಾರೆ. ತೊಯ್ದ ಮನೂಕ ಕಪ್ಪಾಗುತ್ತದೆ, ಕಪ್ಪಾದದ್ದಕ್ಕೆ ಹರಾಜಿನಲ್ಲಿ ದರ ಇಲ್ಲ. ಒಂದು ಸಂಜೆ ಗಾಡಿ ಸಿಗದಿದ್ದರೆ ಹೋಗುವ ದುಡ್ಡು ಎಷ್ಟು? ಅದನ್ನು ಯಾವ ಕಾಲಮ್ಮಿನಲ್ಲಿ ಹಾಕಬೇಕು? ಯಾವಾಗಲೋ ಒಮ್ಮೆ ಬರುವ ಲೋಡಿಗೆ ಅಂತ ಸರ್ವರುಗಳನ್ನು ಸುಮ್ಮನೆ ಓಡಿಸಿಟ್ಟು ತಿಂಗಳಾ ಬಿಲ್ ಕಟ್ಟುವ ವೃತ್ತಿಯವನು ನಾನು. ಈ ವಾದವನ್ನು ಅಲ್ಲಗಳೆಯಲು ನನ್ನ ಬಾಯಿಂದ ಆಗಲಿಲ್ಲ.

ಅಪ್ಪನಿಗೆ ಬಾಡಿಗೆ ಅಂದರೆ ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ತುಬಚಿ-ಬಬಲೇಶ್ವರ ಏತ ನೀರಾವರಿಯಲ್ಲಿ ಕೃಷ್ಣೆಯ ನೀರು ನಮ್ಮ ಭಾಗಕ್ಕೆ ಬರುವ ಮೊದಲು, ಬರ ಬಿದ್ದ ವರ್ಷ ಬಳ್ಳಿ ಉಳಿಸಿಕೊಳ್ಳಲು ಟ್ಯಾಂಕರ್ ನೀರು ಹೊಡೆಸಿದವ ಅವನು. ‘ನೀರೂ ಬಾಡಗಿ, ಗಾಡಿನೂ ಬಾಡಗಿ, ಇನ್ನ ಹೊಲ ಒಂದ ಉಳದೈತಿ’ ಅಂತ ಆಗಿನಿಂದಲೂ ಅನ್ನುತ್ತಾನೆ.

ತಮ್ಮನ ಕಾರಣ ಬೇರೆ, ಅದನ್ನು ಅವನು ಬಾಯಿಬಿಟ್ಟು ಹೇಳುವುದಿಲ್ಲ. 2005ರಲ್ಲಿ ಬಂದ ಟಾಟಾ ಏಸ್, ಆಗ ಅದಕ್ಕೆ ಇದ್ದದ್ದು 702 ಸಿಸಿಯ ಎರಡು ಸಿಲಿಂಡರಿನ ಡೀಸೆಲ್ ಇಂಜಿನ್ನು, 16 ಅಶ್ವಶಕ್ತಿ. ಅಂಥ ಪುಟ್ಟದನ್ನು ಯಾಕೆ ಮಾಡಿದಿರಿ ಅನ್ನುವುದಕ್ಕೆ ಟಾಟಾ ಮೋಟರ್ಸ್‌ನ ಆಗಿನ ಮುಖ್ಯಸ್ಥ ರವಿಕಾಂತ್ ಹೇಳಿದ ಕತೆ ಪತ್ರಿಕೆಗಳಲ್ಲಿ ಬಂದಿತ್ತು. ಸಾಮಾನು ಹೊರುವ ಮೂರು ಗಾಲಿಯ ಗಾಡಿಯ ಹುಡುಗನೊಬ್ಬನಿಗೆ ನಾಲ್ಕು ಗಾಲಿ ಯಾಕೆ ಬೇಕಪ್ಪಾ ಅಂತ ಕೇಳಿದರೆ, ನಾಲ್ಕು ಗಾಲಿಯದ್ದಿದ್ದರೆ ಊರಲ್ಲಿ ಚಲೋ ಸಂಬಂಧ ಬರುತ್ತಿತ್ತು ಅಂದನಂತೆ. ಇದನ್ನು ಓದಿ ನನಗೆ ನಗು ಬರಲಿಲ್ಲ. ತಮ್ಮನಿಗೆ ಮೂವತ್ತೊಂದು. ಈ ಎರಡು ವರ್ಷದಲ್ಲಿ ನಾಲ್ಕು ಕಡೆ ಹೆಣ್ಣು ನೋಡಿ ಬಂದಿದ್ದೇವೆ. ನಾಲ್ಕೂ ಕಡೆ ‘ಹುಡುಗ ಏನ್ ಮಾಡ್ತಾನ್ರಿ’ ಅಂತ ಕೇಳಿದರು, ‘ಹೊಲ ನೋಡ್ಕೋತಾನ್ರಿ’ ಅಂದ ಕೂಡಲೇ ಮಾತು ನನ್ನ ಕಡೆ ತಿರುಗಿತು. ಬೆಂಗಳೂರಾಗ ಮನಿ ಸ್ವಂತದ್ದೇನ್ರಿ? ಪ್ಯಾಕೇಜ್ ಎಷ್ಟ್ರಿ? ಅವನು ಉಪ್ಪಿಟ್ಟಿನ ಪ್ಲೇಟು ನೋಡುತ್ತ ಕೂತಿರುತ್ತಿದ್ದ.

ಅಂದರೆ ತಗೊಳ್ಳಬೇಕು ಅನ್ನುವ ಕಡೆ ಎಲ್ಲವೂ ವಾಲುತ್ತಿತ್ತು. ಕಾನೂನೂ ನಮ್ಮ ಕಡೆಗೇ ಇತ್ತು. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಕಿಲ್ಲ, ತಾಸಗಾಂವಕ್ಕೆ ಹೋದರೆ ಗಡಿಯಲ್ಲಿ ಅದೊಂದು ತಕರಾರಿಲ್ಲ. ತಮ್ಮನ ಕಾರಿನ ಲೈಸೆನ್ಸೇ ಸಾಕು. 7,500 ಕಿಲೋ ತನಕದ ಗೂಡ್ಸ್ ಗಾಡಿಗೆ ಬೇರೆ ಬೇಡ ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಹೊಸದಾದ್ದರಿಂದ ಎರಡು ವರ್ಷ ಎಫ್‌ಸಿ ಚಿಂತೆಯೂ ಇಲ್ಲ.

ಇನ್ಶೂರೆನ್ಸ್ ಯಾಕೆ ಇಷ್ಟು ದುಬಾರಿ ಅಂತ ಹುಡುಕಲು ಹೋದಾಗಲೇ ನಾನು ನಿಂತದ್ದು. ಗೂಡ್ಸ್ ಗಾಡಿಯಲ್ಲಿ ಜನ ಕೂತು, ಗಾಡಿ ಪಲ್ಟಿಯಾದರೆ ಕಂಪನಿಗೆ ಹೊಣೆ ಇಲ್ಲ. ಡ್ರೈವರು, ಕ್ಲೀನರು, ಲೋಡು ಇಳಿಸುವ ಹಮಾಲರಿಗೆ ಪ್ರೀಮಿಯಂ ಕಟ್ಟಿ ಸೇರಿಸಬಹುದು. 1994ರ ತಿದ್ದುಪಡಿಯಿಂದ, ಒಳಗಿರುವ ಸಾಮಾನಿನ ಮಾಲೀಕ ಅಥವಾ ಅವನ ಪರವಾಗಿ ಬಂದವನಿಗೂ ರಕ್ಷಣೆ ಇದೆ. ಉಳಿದ ಪ್ರಯಾಣಿಕರಿಗೆ ಇಲ್ಲ. ಇದನ್ನು ಸುಪ್ರೀಂ ಕೋರ್ಟ್ ಎರಡು ದಶಕದ ಹಿಂದೆಯೇ ಇತ್ಯರ್ಥ ಮಾಡಿದೆ. ಕೆಲವು ಸಲ ಕೋರ್ಟು ‘ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳಲಿ’ ಅನ್ನುತ್ತದೆ. ಹಾಗಾದರೂ ಕೊನೆಗೆ ಬಂದು ನಿಲ್ಲುವುದು ಆರ್‌ಸಿಯಲ್ಲಿ ಹೆಸರಿದ್ದವನ ಬಾಗಿಲಿಗೇ.

ನಮ್ಮೂರ ಕಡೆ ಗೂಡ್ಸ್ ಗಾಡಿಯ ಹಿಂದೆ ಜನ ಕೂರದ ದಿನ ಯಾವುದು? ಜಾತ್ರೆಗೆ ಅದೇ, ಲಗ್ನಕ್ಕೆ ಅದೇ, ಮಣ್ಣಿಗೆ ಹೋಗಲೂ ಅದೇ. ಇವೆಲ್ಲ ವರ್ಷಕ್ಕೆ ನಾಲ್ಕೈದು ಸಲ. ಚಾಟ್ನಿ ಮಾತ್ರ ಹಾಗಲ್ಲ. (ಇಡ್ಲಿಯ ಚಟ್ನಿ ಅಲ್ಲ, ದ್ರಾಕ್ಷಿ ಬಳ್ಳಿ ಸವರುವುದಕ್ಕೆ ನಮ್ಮಲ್ಲಿ ಚಾಟ್ನಿ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಒಂದು, ಅಕ್ಟೋಬರ್‌ನಲ್ಲಿ ಒಂದು.) ಚಾಟ್ನಿ, ಕುಡಿ ಚಿವುಟುವುದು, ಗೊನೆ ತಿದ್ದುವುದು, ಕಟಾವು ಎಲ್ಲ ಸೇರಿ ವರ್ಷಕ್ಕೆ ನಲವತ್ತು ದಿನವಾದರೂ ಹನ್ನೆರಡು ಹೆಣ್ಣುಮಕ್ಕಳ ಟೋಳಿ ನಮ್ಮ ಹೊಲಕ್ಕೆ ಬರುತ್ತದೆ. ಬರುವುದು ಬಾಡಿಗೆ ಗಾಡಿಯ ಹಿಂದೆ, ಹಗ್ಗ ಹಿಡಿದು ನಿಂತು. ನಾನು ಸಣ್ಣವನಿದ್ದಾಗ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಚಿಗವ್ವನೂ ಅದರಲ್ಲಿ ಒಬ್ಬಳು.

ಇಷ್ಟು ದಿನ ಆ ಗಾಡಿ ಯಾರದೋ. ಇನ್ನು ಮುಂದೆ ನಮ್ಮದಾಗುವುದಿತ್ತು, ಅಲ್ಲಲ್ಲ, ನನ್ನದು. ಯಾಕಂದರೆ ಸಾಲ ನನ್ನ ಹೆಸರಿಗೆ ತಗೊಳ್ಳುವುದು ಅಂತ ಅಪ್ಪ, ತಮ್ಮ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು. ಸಂಬಳದ ಚೀಟಿ ಇದ್ದವನಿಗೆ ಬಡ್ಡಿ ಒಂದೂವರೆ ಪರ್ಸೆಂಟ್ ಕಡಿಮೆ. ಕಂತಿನಲ್ಲಿ ಫರಕು ತಿಂಗಳಿಗೆ ಮುನ್ನೂರು ರೂಪಾಯಿ.

‘ನಿನ್ನ ಹೆಸರಿಗೆ ತಗೋ, ಆ ಮುನ್ನೂರು ನಾ ಕೊಡ್ತೀನಿ’ ಅಂದೆ ತಮ್ಮನಿಗೆ. ಗಾಡಿ ಅಣ್ಣಂದು ಅಂದರೆ ಹೆಣ್ಣಿನ ಮನೆಯಲ್ಲಿ ನೀನು ಡ್ರೈವರ್ ಆಗ್ತೀ, ನಿನ್ನ ಹೆಸರಿದ್ದರೆ ಮಾಲೀಕ ಆಗ್ತೀ ಅಂತಲೂ ಹೇಳಿದೆ. ಅದು ಸುಳ್ಳಲ್ಲ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ವಿಮೆಯ ಕತೆಯನ್ನು ಅವತ್ತೇ ಮುಂಜಾನೆ ನಾನೇ ಅವನಿಗೆ ಓದಿ ಹೇಳಿದ್ದೆ.

‘ಪಲ್ಟಿ ಆದ್ರ ನಂದು. ಹೌದಲ್ಲ ಅಣ್ಣಾ?’

ಬೆಂಗಳೂರಿನಲ್ಲಾಗಿದ್ದರೆ ಈ ಮಾತಿಗೆ ಏನಾದರೂ ಹೇಳಿ ಕರೆ ಕಟ್ ಮಾಡಬಹುದಿತ್ತು. ಅವನು ಎದುರಿಗೇ ಕಟ್ಟೆಯ ಮೇಲೆ ಕೂತಿದ್ದ. ಅಪ್ಪ ಒಳಗಿನಿಂದಲೇ ಅಂದ: ‘ಉತಾರ ಒಂದ ಐತಿ. ಯಾರ ಹೆಸರಿಗಿದ್ರೂ ಹರಾಜ್ ಆಗೂದು ಅದ ಹೊಲ.’

ಅಪ್ಪನ ಮಾತು ಖರೆ. ಹೊಲ ಇನ್ನೂ ಪಾಲಾಗಿಲ್ಲ. ಕೋರ್ಟು ತಮ್ಮನ ಪಾಲಿನ ಮೇಲೆ ಜಪ್ತಿ ತಂದರೆ, ಮಧ್ಯದಲ್ಲಿ ಬೋರ್‌ವೆಲ್ಲು ಇರುವ ನಾಲ್ಕು ಎಕರೆಯಲ್ಲಿ ನನ್ನ ಎರಡು ಎಕರೆ ಉಳಿದು ಏನು ಮಾಡುವುದು? ಅದಕ್ಕಿಂತ ಮೊದಲಿನ ಮಾತು: ಹಿಂದೆ ನಿಂತವರಲ್ಲಿ ಚಿಗವ್ವ ಇರುತ್ತಾಳೆ. ಪರಿಹಾರ ಯಾರು ಕೊಡಬೇಕು ಅನ್ನುವ ಚರ್ಚೆ ಆಕೆ ಬಿದ್ದ ಮೇಲಿನದ್ದು.

ಆ ರಾತ್ರಿ ಶೀಟಿಗೆ ಒಂದು ಸಾಲು ಸೇರಿಸಿದೆ. ನಲವತ್ತು ದಿನ ಟೋಳಿಗೆ ಕ್ರೂಸರ್, ಹಳದಿ ಬೋರ್ಡಿನದ್ದು, ಪ್ಯಾಸೆಂಜರ್ ಪರ್ಮಿಟ್ ಇದ್ದದ್ದು, ಹನ್ನೆರಡು ಸೀಟಿನದ್ದು. ಮುಂಜಾನೆ ಒಂದು ಟ್ರಿಪ್, ಸಂಜೆ ಒಂದು. ದಿನಕ್ಕೆ ಸಾವಿರ, ವರ್ಷಕ್ಕೆ 40 ಸಾವಿರ. ಈಗ ತಮ್ಮ ಹೊರಗಿನ ಬಾಡಿಗೆ ಹೊಡೆಯಬೇಕಾದ್ದು 117 ದಿನ ಅಲ್ಲ, 157 ದಿನ. ಅವನು ನೋಡಿ ‘ಆಗ್ತೈತಿ’ ಅಂದ. ಅಪ್ಪನ ಬೊಲೆರೊ ಅಲ್ಲಿಗೆ ಮುಗಿಯಿತು. ನನ್ನ ವಾದ ಸರಳವಾಗಿತ್ತು: ಡಬ್ಬಿ ದೊಡ್ಡದಾದಷ್ಟೂ ‘ಇನ್ನ ನಾಕ ಮಂದಿ ಹತ್ತಲಿ’ ಅನ್ನುವ ದಾಕ್ಷಿಣ್ಯವೂ ದೊಡ್ಡದಾಗುತ್ತದೆ. ಏಸ್, ತಮ್ಮನ ಹೆಸರಿಗೆ. ಮುಂಗಡ ನನ್ನದು. ಸಾಲಕ್ಕೆ ಜಾಮೀನೂ ನಾನೇ.

ಟೋಳಿ ಕಟ್ಟುವ ಅಕ್ಕನಿಗೆ ಹೇಳಲು ಹೋದಾಗ ಆಕೆ ಮೊದಲು ಮುಖ ಗಂಟು ಹಾಕಿದಳು. ‘ಹೊಸಾ ಗಾಡ್ಯಾಗ ನಾವು ಕುಂತ್ರ ಹೊಲಸ ಆಗ್ತೈತೇನ್ರಿ?’ ಅಂದಳು. ಹಾಗೆ ಕೇಳುತ್ತಾಳೆ ಅಂತ ನಾನು ಎಣಿಸಿರಲಿಲ್ಲ. ಇನ್ಶೂರೆನ್ಸಿನ ವಿಷಯವನ್ನು ಮೊದಲಿನಿಂದ ಬಿಡಿಸಿ ಹೇಳಬೇಕಾಯಿತು. ಎಲ್ಲ ಕೇಳಿ, ಪಕ್ಕದ ಊರಿನ ಇನ್ನೊಂದು ಟೋಳಿಯವರೂ ಹಾಗೇ ನಿಂತು ಹೋಗುತ್ತಾರಲ್ಲ, ಅವರಿಗೂ ಇದೇ ಕಾಯ್ದೆಯೇ ಅಂತ ಕೇಳಿದಳು. ಹೌದು ಅಂದೆ. ‘ಮತ್ತ ಅವರಿಗೆ ಯಾರೂ ಹೇಳಿಲ್ಲ.’ ಆಮೇಲೆ, ಕ್ರೂಸರಿನಲ್ಲಿ ಮುಂದಿನ ಸೀಟು ತನಗೇ ಅಂತ ಅಲ್ಲೇ ಮುಗಿಸಿಕೊಂಡಳು.

ಕೊನೆಗೆ ತಕರಾರು ತೆಗೆದವಳು ಅವ್ವ. ಗಾಡಿಯೇ ಬೇಡ ಅಂದವಳು, ಈಗ ಬರುವ ಗಾಡಿಯಲ್ಲಿ ಯಾರನ್ನೂ ಹತ್ತಿಸುವುದಿಲ್ಲ ಅಂದಾಗ ಎದ್ದು ಬಂದಳು.

‘ನಡುರಾತ್ರಿ ಯಾರದರೆ ಮನ್ಯಾಗ ಹುಡುಗಿಗೆ ಬ್ಯಾನಿ ಬಂದ್ರ, ಬಾಗಲಕ್ಕ ಬಂದು ಕರದ್ರ, ಏನಂತ ಹೇಳ್ಲಿ? ಇನ್ಸೂರಿಲ್ಲ ಅಂತನಾ?’

108ಕ್ಕೆ ಫೋನ್ ಮಾಡೂಣು ಅಂದೆ.

‘ಮಾಡು. ಅದು ಬರೂತನಾ?’

ಮುಂದಿನ ಸೀಟಿನಲ್ಲಿ ಕೂರಿಸಬಹುದು ಅಂದ ತಮ್ಮ. ಅಲ್ಲಿ ಕೂತರೂ ವಿಮೆ ಇಲ್ಲ ಅಂತ ನಾನು ಹೇಳಲಿಲ್ಲ.

‘ಆಕೀನ ಮುಂದ ಕುಂಡ್ರಸ್ತೀ. ಆಕಿ ಜೋಡಿ ಆಕಿ ಅವ್ವ ಬರ್ತಾಳಲ್ಲ, ಆಕಿ ಎಲ್ಲಿ ಕುಂಡ್ರಬೇಕು?’

ತಮ್ಮ ನನ್ನ ಮುಖ ನೋಡಿದ. ನಾನು ಅಪ್ಪನ ಮುಖ ನೋಡಿದೆ. ಬುಕಿಂಗ್ ಆಗಿದೆ, ಗಾಡಿ ಸಂಕ್ರಾಂತಿ ಮುಗಿದ ವಾರ ಬರುತ್ತದೆ, ಬಿಳಿ ಬಣ್ಣದ್ದು.